ಊರಿನ ತೋಟದಲ್ಲಿ ಮದುವೆ: ಮದ್ಯಕ್ಕೆ, ಡಿಜೆಗೆ ಯಾರ ಅನುಮತಿ ಬೇಕು? ಕಾಗದ ಯಾರ ಹೆಸರಿನಲ್ಲಿರಬೇಕು?

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿ ನೆಲೆಸಿರುವ ಕನ್ನಡಿಗರು ಮಕ್ಕಳ ಮದುವೆಯನ್ನು ಊರಿನಲ್ಲೇ ಮಾಡುವುದು ಹೊಸದೇನಲ್ಲ. ಬದಲಾಗಿರುವುದು ಜಾಗ. ಮೊದಲು ಮನೆಯಂಗಳದಲ್ಲಿ ಚಪ್ಪರ ಹಾಕುತ್ತಿದ್ದರು, ಇಲ್ಲವೇ ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪ ಹಿಡಿಯುತ್ತಿದ್ದರು. ಈಗ ಸಕಲೇಶಪುರದ ಎಸ್ಟೇಟ್, ಕೊಡಗಿನ ಹೋಂಸ್ಟೇ, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆ ಅಥವಾ ಚಿಕ್ಕಪ್ಪನ ಅಡಿಕೆ ತೋಟದ ಪಕ್ಕದ ಬಯಲು. ಮುಹೂರ್ತ ಬೆಳಗ್ಗೆ. ಹಿಂದಿನ ಸಂಜೆ ಸಂಗೀತ್, ಡಿಜೆ, ಒಂದು ಮೂಲೆಯಲ್ಲಿ ಬಾರ್ ಕೌಂಟರ್.

ಈ ಒಂದು ಸಂಜೆಗೆ ಬೇಕಾದ ಅನುಮತಿಗಳು ಒಂದೇ ಕಚೇರಿಯಲ್ಲಿ ಸಿಗುವುದಿಲ್ಲ. ಮದ್ಯಕ್ಕೆ ಅಬಕಾರಿ ಇಲಾಖೆ, ಧ್ವನಿವರ್ಧಕಕ್ಕೆ ಪೊಲೀಸರು ಅಥವಾ ಜಿಲ್ಲಾಡಳಿತ, ಜಾಗಕ್ಕೆ ಪಂಚಾಯಿತಿ ಮತ್ತು ಕಂದಾಯ ಇಲಾಖೆ. ಹಾಡಿನ ಹಕ್ಕಿನದ್ದು ಬೇರೆಯೇ ಕಾನೂನು. ಒಂದು ಕಾಗದ ಇದ್ದರೆ ಇನ್ನೊಂದು ಬೇಡ ಎಂದೇನೂ ಇಲ್ಲ. ಮುಖ್ಯವಾದ ಮಾತು ಇನ್ನೊಂದಿದೆ. ಮದುವೆ ಮುಗಿಸಿ ನೀವು ಸೋಮವಾರ ಪುಣೆಗೋ ಮುಂಬೈಗೋ ಹೊರಟುಬಿಡುತ್ತೀರಿ. ಪ್ರಕರಣ ದಾಖಲಾದರೆ ಠಾಣೆಗೆ, ಕೋರ್ಟಿಗೆ ಅಲೆಯುವವರು ಜಾಗ ಕೊಟ್ಟ ಮಾಲೀಕರು. ಎಷ್ಟೋ ಬಾರಿ ಅವರೇ ನಿಮ್ಮ ಚಿಕ್ಕಪ್ಪ. ಹಾಗಾಗಿ ಯಾವ ಅನುಮತಿ ಬೇಕು ಎಂಬುದರ ಜೊತೆಗೇ ಅದು ಯಾರ ಹೆಸರಿನಲ್ಲಿರಬೇಕು ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಮದ್ಯ: 'ನಾವೇನು ಮಾರುತ್ತಿಲ್ಲವಲ್ಲ' ಎಂಬ ವಾದ ನಡೆಯುತ್ತದೆಯೇ?

ಮದ್ಯ ರಾಜ್ಯಗಳ ವಿಷಯ. ಆದ್ದರಿಂದ ಮದುವೆ ಯಾವ ರಾಜ್ಯದಲ್ಲಿ ನಡೆಯುತ್ತದೋ ಆ ರಾಜ್ಯದ ನಿಯಮವೇ ಅನ್ವಯ. ನೀವು ಎಲ್ಲಿ ವಾಸವಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ. ಕರ್ನಾಟಕದಲ್ಲಿ ಮೂಲ ಕಾನೂನು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರಡಿ ಮದ್ಯದಂಗಡಿಗೆ ಸಿಎಲ್-2, ಕ್ಲಬ್‌ಗೆ ಸಿಎಲ್-4, ವಸತಿ ಸಹಿತ ಹೋಟೆಲ್‌ಗೆ ಸಿಎಲ್-7, ಬಾರ್ ಅಂಡ್ ರೆಸ್ಟೋರೆಂಟ್‌ಗೆ ಸಿಎಲ್-9 ಎಂದು ಬೇರೆ ಬೇರೆ ಪರವಾನಗಿಗಳಿವೆ. ಸಮಾರಂಭಗಳಿಗೆ ಬೇಕಾದದ್ದು ಸಿಎಲ್-5. ಇದು ಸಾಂದರ್ಭಿಕ ಪರವಾನಗಿ, ನಿಗದಿತ ಸ್ಥಳಕ್ಕೆ ಮತ್ತು ನಿಗದಿತ ದಿನಕ್ಕೆ ಮಾತ್ರ. ಮದುವೆ ನಡೆಯುವ ಜಿಲ್ಲೆಯ ಅಬಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಶುಲ್ಕ ಬದಲಾಗುತ್ತಿರುತ್ತದೆ, ಇವೆಂಟ್ ಮ್ಯಾನೇಜರ್ ಹೇಳಿದ ಮೊತ್ತವನ್ನೇ ನಂಬದೆ ಕಚೇರಿಯಲ್ಲೇ ಕೇಳಿ, ರಸೀದಿ ಪಡೆಯುವುದು ಒಳ್ಳೆಯದು.

'ನಾವು ಮಾರುತ್ತಿಲ್ಲ, ನೆಂಟರಿಗೆ ಕೊಡುತ್ತಿದ್ದೇವೆ ಅಷ್ಟೇ' ಎಂಬುದು ಸಾಮಾನ್ಯವಾಗಿ ಕೇಳಿಬರುವ ವಾದ. ಆದರೆ ಅಬಕಾರಿ ಕಾನೂನು ಮಾರಾಟವನ್ನಷ್ಟೇ ನೋಡುವುದಿಲ್ಲ, ಒಬ್ಬ ವ್ಯಕ್ತಿ ಎಷ್ಟು ಮದ್ಯ ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿ ಹಾಕುತ್ತದೆ. ಕರ್ನಾಟಕದಲ್ಲಿ ವಿಸ್ಕಿ, ರಮ್, ಬ್ರಾಂದಿಯಂಥ ಭಾರತೀಯ ಮದ್ಯಕ್ಕೆ ಈ ಮಿತಿ ಮೂರು ಲೀಟರ್‌ಗಿಂತಲೂ ಕಡಿಮೆ, ಬಿಯರ್‌ಗೆ 18 ಲೀಟರ್ ಆಸುಪಾಸು. ಇನ್ನೂರು ಜನರ ಸಂಗೀತ್ ಸಂಜೆಗೆ ತರುವ ಪೆಟ್ಟಿಗೆಗಳನ್ನು ಈ ಲೆಕ್ಕದಲ್ಲಿ ನೋಡಿದರೆ ಮಿತಿ ಎಂದೋ ದಾಟಿರುತ್ತದೆ. ಹಣ ಪಡೆದಿರಲಿ, ಪಡೆಯದಿರಲಿ.

ಜಾಗದ ಮಾಲೀಕರ ಪಾಲಿಗೆ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದುವವರಿಗೆ 'ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನಕ್ಕೆ ಅನುವು ಮಾಡಿಕೊಟ್ಟ ಆರೋಪ' ಎಂಬ ಸಾಲು ಪರಿಚಿತ. ಅಬಕಾರಿ ಕಾಯ್ದೆಯ ಕಲಂ 15(ಎ), 32(3) ಅಡಿ ದಾಖಲಾಗುವ ಈ ಪ್ರಕರಣಗಳಲ್ಲಿ ಆರೋಪಿಯಾಗುವುದು ಕುಡಿದವರಷ್ಟೇ ಅಲ್ಲ, ಕುಡಿಯಲು ಜಾಗ ಕೊಟ್ಟವರೂ ಹೌದು. ಹೆಚ್ಚಾಗಿ ಕಿರಾಣಿ ಅಂಗಡಿ, ಡಾಬಾಗಳ ಮೇಲೆ ಬೀಳುವ ಕೇಸು ಇದು. ಬಾಡಿಗೆಗೆ ಕೊಟ್ಟ ಸಮುದಾಯ ಭವನ ಅಥವಾ ತೋಟ ತಮ್ಮ ಪಾಲಿಗೆ 'ಖಾಸಗಿ' ಎಂದು ಮಾಲೀಕರು ಭಾವಿಸಬಹುದು. ದಾಳಿಗೆ ಬಂದ ಅಧಿಕಾರಿ ಹಾಗೆಯೇ ಭಾವಿಸುತ್ತಾರೆ ಎಂಬ ಖಾತ್ರಿ ಇಲ್ಲ. 'ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆ' ಎನ್ನುವ ಉತ್ತರವೂ ಸಾಲದು. ಆ ನೋಂದಣಿಯಿಂದ ಮದ್ಯ ಪೂರೈಸುವ ಹಕ್ಕು ಬರುವುದಿಲ್ಲ. ರೆಸಾರ್ಟ್‌ಗೆ ಬಾರ್ ಪರವಾನಗಿ ಇದ್ದರೂ ಅದು ಯಾವ ಕಟ್ಟಡಕ್ಕೆ, ಎಷ್ಟು ಆವರಣಕ್ಕೆ ಎಂದು ನೋಡಬೇಕು. ನಿಮ್ಮ ಕೌಂಟರ್ ಇರುವುದು ಅದರಿಂದ ದೂರದ ಹುಲ್ಲುಹಾಸಿನ ಮೇಲೆ ಇರಬಹುದು.

ಬಾಟಲಿಗಳನ್ನು ಎಲ್ಲಿಂದ ತರುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಅಗ್ಗವೆಂದು ಗೋವಾದಿಂದ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಂದು ಕಾರವಾರದ ಮಾಜಾಳಿ ತಪಾಸಣಾ ಕೇಂದ್ರದಲ್ಲಿ ಸಿಕ್ಕಿಬೀಳುವ ಸುದ್ದಿಗೆ ಕೊರತೆಯಿಲ್ಲ. ಬಾಟಲಿ ಯಾವ ರಾಜ್ಯದಲ್ಲಿ ಮಾರಾಟಕ್ಕೆ ಎಂಬುದು ಲೇಬಲ್ ಮೇಲೆಯೇ ಇರುತ್ತದೆ. ಇಂಥ ಪ್ರಕರಣಗಳಲ್ಲಿ ಮದ್ಯದ ಜೊತೆ ವಾಹನವೂ ಜಪ್ತಿಯಾಗುತ್ತದೆ. ಮದುವೆಯ ಹಿಂದಿನ ದಿನ ಕಾರು ಕಳೆದುಕೊಳ್ಳುವುದು ಯಾರಿಗೂ ಬೇಡ. ಸೈನಿಕ ಕುಟುಂಬಗಳು ಹೆಚ್ಚಿರುವ ಕೊಡಗಿನಂಥ ಕಡೆ 'ಕ್ಯಾಂಟೀನ್ ಕೋಟಾ' ಬಾಟಲಿಗಳನ್ನು ಕೂಡಿಹಾಕಿ ಮದುವೆಗೆ ಬಳಸುವುದುಂಟು. ಆ ದಾಸ್ತಾನು ಇರುವುದು ಸೇವೆಯಲ್ಲಿರುವ ಮತ್ತು ನಿವೃತ್ತ ಯೋಧರ ಸ್ವಂತ ಬಳಕೆಗೆ. ಸುರಕ್ಷಿತ ದಾರಿ ಎಂದರೆ ಸ್ಥಳೀಯ ಪರವಾನಗಿ ಅಂಗಡಿಯಿಂದ ಖರೀದಿಸಿ, ಬಿಲ್ ಮತ್ತು ಸಿಎಲ್-5 ಪ್ರತಿಯನ್ನು ಕೌಂಟರ್‌ನಲ್ಲೇ ಇಟ್ಟುಕೊಳ್ಳುವುದು. ಕರ್ನಾಟಕದಲ್ಲಿ 21 ವರ್ಷಕ್ಕಿಂತ ಕೆಳಗಿನವರಿಗೆ ಮದ್ಯ ಕೊಡುವಂತಿಲ್ಲ. ವರನ ಕಾಲೇಜು ಗೆಳೆಯರ ಗುಂಪು ಬಂದಾಗ ಕೌಂಟರ್‌ನಲ್ಲಿ ನಿಂತವರಿಗೆ ಇದು ನೆನಪಿರಬೇಕು.

ಮಹಾರಾಷ್ಟ್ರ, ತಮಿಳುನಾಡು, ದೆಹಲಿಯಲ್ಲಿ ಮದುವೆ ಆದರೆ?

ಮಹಾರಾಷ್ಟ್ರದಲ್ಲಿರುವವರಿಗೆ ಐದು ರೂಪಾಯಿಯ ಒಂದು ದಿನದ ಪರ್ಮಿಟ್ ಚೀಟಿ ಗೊತ್ತಿರುತ್ತದೆ. ಅದು ಒಬ್ಬ ವ್ಯಕ್ತಿ ಕುಡಿಯಲು ಪಡೆಯುವ ಪರವಾನಗಿ, ಸಮಾರಂಭದಲ್ಲಿ ಪೂರೈಸಲು ಅಲ್ಲ. ಲೋನಾವಳ, ಕರ್ಜತ್, ಮುಳ್ಶಿ ಕಡೆಯ ಫಾರ್ಮ್‌ಹೌಸ್‌ನಲ್ಲಿ ಕೂಟ ಇಟ್ಟುಕೊಂಡರೆ ರಾಜ್ಯ ಅಬಕಾರಿ ಇಲಾಖೆಯಿಂದ ತಾತ್ಕಾಲಿಕ ಪರವಾನಗಿ ಪ್ರತ್ಯೇಕವಾಗಿ ಬೇಕು. ಅಲ್ಲಿ ವಯೋಮಿತಿ ಬಿಯರ್‌ಗೆ 21, ವಿಸ್ಕಿಯಂಥ ಮದ್ಯಕ್ಕೆ 25. ವರ್ಧಾ, ಗಡ್‌ಚಿರೋಲಿ ಜಿಲ್ಲೆಗಳಲ್ಲಿ ಪಾನನಿಷೇಧ ಇದೆ.

ತಮಿಳುನಾಡಿನ ಕಥೆ ಸ್ವಾರಸ್ಯಕರ. ಕಲ್ಯಾಣ ಮಂಟಪ, ಕ್ರೀಡಾಂಗಣ, ಸಭಾಂಗಣಗಳಲ್ಲಿ ಮದ್ಯ ಪೂರೈಸಲು ವಿಶೇಷ ಪರವಾನಗಿ ನೀಡುವ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಪ್ರಕಟವಾಗುತ್ತಿದ್ದಂತೆ ಭಾರೀ ವಿರೋಧ ಎದ್ದಿತು. ಮದುವೆ ಮಂಟಪಗಳಿಗೆ ಅವಕಾಶವಿಲ್ಲ ಎಂದು ಸರ್ಕಾರ ಕೂಡಲೇ ಸ್ಪಷ್ಟಪಡಿಸಿ ಹಿಂದೆ ಸರಿಯಿತು. ಹಾಗಾಗಿ ಚೆನ್ನೈ ಕಡೆಯ ಕನ್ನಡಿಗರು ಇಸಿಆರ್ ರಸ್ತೆಯ ಮಂಟಪದಲ್ಲಿ ಕೌಂಟರ್ ಇಡುವ ಯೋಚನೆ ಮಾಡುವ ಮುನ್ನ ಎರಡು ಬಾರಿ ವಿಚಾರಿಸಬೇಕು. ದೆಹಲಿಯ ಫಾರ್ಮ್‌ಹೌಸ್ ಮದುವೆಗಳಿಗೆ ಪಿ-10 ಪರವಾನಗಿ ಇದೆ, ಅಲ್ಲಿ ವಯೋಮಿತಿ 25. ತೆಲಂಗಾಣದಲ್ಲಿ ಈವೆಂಟ್ ಪರ್ಮಿಟ್ ಪಡೆಯಬೇಕು.

ಡಿಜೆ: ಹತ್ತು ಗಂಟೆಯ ಗೆರೆ

ಶಬ್ದದ ವಿಷಯದಲ್ಲಿ ಮಾತ್ರ ದೇಶಕ್ಕೆಲ್ಲ ಒಂದೇ ನಿಯಮ: 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು. ಇದರ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಕಡ್ಡಾಯ. ಅನುಮತಿ ಕೊಡುವ ಪ್ರಾಧಿಕಾರ ಎಂದರೆ ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ. ಠಾಣೆಯಲ್ಲಿ ಪರಿಚಯದವರು 'ಆಯ್ತು, ಮಾಡ್ಕೊಳ್ಳಿ' ಅಂದರೆ ಅದು ಅನುಮತಿಯಾಗದು. ಅರ್ಜಿಯನ್ನು ಠಾಣೆಯ ಮೂಲಕವೇ ಕೊಟ್ಟರೂ ಕಾಗದ ಕೈಗೆ ಬರಬೇಕು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಂಗಣ, ಸಮುದಾಯ ಭವನ, ಬ್ಯಾಂಕ್ವೆಟ್ ಹಾಲ್‌ನಂಥ ಮುಚ್ಚಿದ ಜಾಗದೊಳಗಿನ ಬಳಕೆಗೆ ವಿನಾಯಿತಿ ಇದೆ. ತೋಟದ ಬಯಲು, ಶಾಮಿಯಾನ ಮುಚ್ಚಿದ ಜಾಗವಲ್ಲ. ನಿಯಮದಲ್ಲಿ ವಾದ್ಯಗಳ ಉಲ್ಲೇಖವೂ ಇದೆ. ಅಂದರೆ ಡಿಜೆ ನಿಲ್ಲಿಸಿ ವಾಲಗ, ಚಂಡೆ, ಬ್ಯಾಂಡ್ ಶುರು ಮಾಡಿದರೆ ಸರಿಹೋಯಿತು ಅನ್ನುವಂತಿಲ್ಲ. ಸದ್ದು ಮಾಡುವ ಪಟಾಕಿಗೂ ರಾತ್ರಿ ಹೊತ್ತು ನಿಷೇಧ. ವರ್ಷದಲ್ಲಿ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ ನಿಜ, ಆದರೆ ಅದು ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳ ಸಂದರ್ಭಕ್ಕೆ. ನಿಮ್ಮ ಮನೆಯ ಮದುವೆ ದಿನಾಂಕಕ್ಕೆ ಅದನ್ನು ಕೇಳಿ ಪಡೆಯಲಾಗದು.

ಹತ್ತು ಗಂಟೆಗೆ ಮುನ್ನವೂ ಮಿತಿ ಇದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಖಾಸಗಿ ಜಾಗದಲ್ಲಿ ಇಟ್ಟ ಸೌಂಡ್ ಸಿಸ್ಟಮ್‌ನ ಸದ್ದು ಆ ಜಾಗದ ಗಡಿಯಲ್ಲಿ ಈ ಮಟ್ಟಕ್ಕಿಂತ 5 ಡೆಸಿಬಲ್‌ಗೂ ಹೆಚ್ಚು ಮೀರಬಾರದು. ಪೇಟೆಯ ಗದ್ದಲದಲ್ಲಿ ಮುಚ್ಚಿಹೋಗುವ ಸದ್ದು ಹಳ್ಳಿಯ ರಾತ್ರಿಯಲ್ಲಿ, ಅದರಲ್ಲೂ ಮಲೆನಾಡಿನ ಕಣಿವೆಯಲ್ಲಿ, ಬಹುದೂರ ಕೇಳುತ್ತದೆ. ದೂರು ಕೊಡುವವರು ಪಕ್ಕದ ಮನೆಯವರೇ ಆಗಬೇಕೆಂದಿಲ್ಲ, ಆಚೆ ದಿಬ್ಬದ ಮೇಲಿನ ಮನೆಯವರು 112ಕ್ಕೆ ಕರೆ ಮಾಡಿದರೂ ಸಾಕು. ಸ್ಪೀಕರ್‌ಗಳನ್ನು ಊರಿನ ಕಡೆ ಮುಖ ಮಾಡದೆ ತೋಟದ ಒಳಮುಖವಾಗಿ ಇಡುವುದು, ಅಕ್ಕಪಕ್ಕದ ಮನೆಗಳಿಗೆ ಮೊದಲೇ ಹೋಗಿ ಹೇಳಿ ಕರೆದು ಬರುವುದು ನಿಯಮದಲ್ಲಿ ಬರೆದಿಲ್ಲ, ಆದರೆ ಕೆಲಸ ಮಾಡುತ್ತದೆ. ಬಂಡೀಪುರದಂಥ ಅರಣ್ಯಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ಜಾಗ ನೋಡಿದ್ದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು.

ಶಿಕ್ಷೆಯ ಸ್ವರೂಪವೂ ಬದಲಾಗಿದೆ. ಈ ನಿಯಮಗಳ ತಾಯಿ ಕಾನೂನಾದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಉಲ್ಲಂಘನೆಗೆ ಐದು ವರ್ಷದವರೆಗೆ ಜೈಲು ಇತ್ತು. ಜನ್ ವಿಶ್ವಾಸ್ ತಿದ್ದುಪಡಿಯ ನಂತರ ಅದು ₹10 ಸಾವಿರದಿಂದ ₹15 ಲಕ್ಷದವರೆಗಿನ ದಂಡವಾಗಿದೆ.

ಮದುವೆಯಲ್ಲಿ ಸಿನಿಮಾ ಹಾಡು ಹಾಕಲು ದುಡ್ಡು ಕಟ್ಟಬೇಕೆ?

ಮಂಟಪದವರು ಅಥವಾ ಡಿಜೆ ಕೊನೆಗಳಿಗೆಯಲ್ಲಿ 'ಮ್ಯೂಸಿಕ್ ಲೈಸೆನ್ಸ್' ಎಂದು ಬಿಲ್‌ಗೆ ಒಂದು ಸಾಲು ಸೇರಿಸಿದರೆ ಗೊಂದಲವಾಗುವುದು ಸಹಜ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52(1)(ಝಡ್‌ಎ) ಪ್ರಕಾರ ಧಾರ್ಮಿಕ ಸಮಾರಂಭದಲ್ಲಿ ಸಂಗೀತ ಅಥವಾ ಧ್ವನಿಮುದ್ರಿಕೆ ಬಳಸುವುದು ಹಕ್ಕಿನ ಉಲ್ಲಂಘನೆಯಲ್ಲ. ಮದುವೆ ಮೆರವಣಿಗೆ ಹಾಗೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಇದರಲ್ಲಿ ಸೇರುತ್ತವೆ ಎಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ. ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಇದನ್ನೇ ನೆನಪಿಸಿ ಸಾರ್ವಜನಿಕ ಸೂಚನೆ ಹೊರಡಿಸಿತ್ತು.

ಆದರೆ ವಿವಾದ ಮುಗಿದಿಲ್ಲ. ಹಿಂದಿನ, 2019ರ ಇಂಥದ್ದೇ ಸೂಚನೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2022ರಲ್ಲಿ ರದ್ದುಪಡಿಸಿತ್ತು. ಹೋಟೆಲ್‌ಗಳು ಮದುವೆಗೆ ರಾಯಧನ ಕೇಳಬಾರದೆಂದು ಗೋವಾ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯನ್ನು ಬಾಂಬೆ ಹೈಕೋರ್ಟ್‌ನ ಗೋವಾ ಪೀಠ ಅದೇ ವರ್ಷ ಆಗಸ್ಟ್‌ನಲ್ಲಿ ತಳ್ಳಿಹಾಕಿತು. ಬಿದ್ದದ್ದು ಸುತ್ತೋಲೆ, ಕಾಯ್ದೆಯ ವಿನಾಯಿತಿ ಹಾಗೆಯೇ ಇದೆ. ಯಾವ ಕೂಟ ಮದುವೆಯ ಭಾಗ, ಯಾವುದು ಬರೀ ವಾಣಿಜ್ಯ ಪಾರ್ಟಿ ಎಂಬುದಷ್ಟೇ ಪ್ರತಿ ಬಾರಿಯ ಜಗಳ. ಆದ್ದರಿಂದ ಮನೆಯವರು ಮಾಡಬಹುದಾದ್ದು ಇಷ್ಟು: ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳ ಹೆಸರಿನಲ್ಲಿ ಮಂಟಪದವರು ಹಣ ಕೇಳಿದರೆ ಲಿಖಿತ ಬೇಡಿಕೆ ಕೇಳಿ, ಈ ಕಲಂ ತೋರಿಸಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆ ಸಾಲು ಇದೆಯೇ ನೋಡಿ. ಮದುವೆ ವಿಡಿಯೋಗೆ ಸಿನಿಮಾ ಹಾಡು ಸೇರಿಸಿ ಯೂಟ್ಯೂಬ್‌ಗೆ ಹಾಕುವುದು ಬೇರೆ ವಿಷಯ, ಈ ವಿನಾಯಿತಿಯನ್ನು ಅಲ್ಲಿಗೆ ಎಳೆದು ತರಲಾಗದು.

ಜಾಗ, ದಿನಾಂಕ, ಹೆಸರು

ಸ್ವಂತ ಜಮೀನಿನಲ್ಲಿ ಒಮ್ಮೆ ಮಗಳ ಮದುವೆ ಮಾಡುವುದಕ್ಕೂ, ಕೃಷಿ ಜಮೀನನ್ನು ವರ್ಷವಿಡೀ ಮದುವೆಗಳಿಗೆ ಬಾಡಿಗೆ ಕೊಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಭೂ ಪರಿವರ್ತನೆ, ಗ್ರಾಮ ಪಂಚಾಯಿತಿ ಪರವಾನಗಿ ಇವೆಲ್ಲ ಬೇಕು. ನೀವು ಬಾಡಿಗೆ ಹಿಡಿಯುವ ಜಾಗಕ್ಕೆ ಇವು ಇಲ್ಲದಿದ್ದರೆ ನಿಮ್ಮ ಸಿಎಲ್-5 ಅರ್ಜಿಯೂ ಅಲ್ಲೇ ನಿಲ್ಲಬಹುದು. ಮುಂಗಡ ಕೊಡುವ ಮೊದಲೇ ದಾಖಲೆ ನೋಡುವುದು ವಾಸಿ.

ದಿನಾಂಕ ಗೊತ್ತು ಮಾಡುವಾಗ ಪಂಚಾಂಗದ ಜೊತೆ ಚುನಾವಣೆಯ ವೇಳಾಪಟ್ಟಿಯನ್ನೂ ನೋಡಬೇಕಾಗುತ್ತದೆ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ನಿಷೇಧ. 2023ರ ವಿಧಾನಸಭೆ ಚುನಾವಣೆಯ ಮತದಾನ ಮೇ 10ಕ್ಕಿತ್ತು. 2024ರ ಲೋಕಸಭೆಗೆ ಕರ್ನಾಟಕ ಏಪ್ರಿಲ್ 26 ಮತ್ತು ಮೇ 7ರಂದು ಮತ ಹಾಕಿತು. ಎರಡೂ ಮದುವೆಯ ಕಾಲ. ಒಣ ದಿನದಂದು ಸಾಂದರ್ಭಿಕ ಪರವಾನಗಿಯೂ ನಡೆಯದು.

ಇನ್ನು ಹೆಸರಿನ ವಿಷಯ. ಮದ್ಯದ ಪರವಾನಗಿ ಯಾರ ಹೆಸರಿಗೆ, ಧ್ವನಿವರ್ಧಕದ ಅರ್ಜಿಗೆ ಸಹಿ ಯಾರದ್ದು, ಹತ್ತು ಗಂಟೆಗೆ ಡಿಜೆ ನಿಲ್ಲಿಸುವ ಜವಾಬ್ದಾರಿ ಯಾರದ್ದು ಎಂಬ ಮೂರನ್ನೂ ಜಾಗದ ಮಾಲೀಕರೊಂದಿಗಿನ ಕರಾರಿನಲ್ಲಿ ಬರೆಸಿ. ಚಿಕ್ಕಪ್ಪನೇ ಮಾಲೀಕರಾದರೆ ಕರಾರು ಕೇಳಲು ಮುಜುಗರ ಆಗಬಹುದು. ಆಗ ಅರ್ಜಿಗಳನ್ನು ವಧು ಅಥವಾ ವರನ ತಂದೆಯ ಹೆಸರಿನಲ್ಲೇ ಕೊಡಬಹುದೇ ಎಂದು ಅಬಕಾರಿ ಕಚೇರಿ ಮತ್ತು ಠಾಣೆಯಲ್ಲಿ ವಿಚಾರಿಸಿ, ಮಾಲೀಕರಿಂದ ಒಪ್ಪಿಗೆ ಪತ್ರ ಮಾತ್ರ ಪಡೆಯಿರಿ. ಎಲ್ಲದರ ಒಂದೊಂದು ಜೆರಾಕ್ಸ್ ಪ್ರತಿ ಊರಿನಲ್ಲಿ ಉಳಿಯುವವರ ಕೈಯಲ್ಲಿರಲಿ.