ಲೆಕ್ಕವು ಯಾರಿಗೆ ಸಲ್ಲತಕ್ಕದ್ದು?

ಬ್ಯಾಂಕುಗಳಲ್ಲಿಯೂ ಕಂಪೆನಿಗಳಲ್ಲಿಯೂ ಷೇರುಗಳನ್ನುಳ್ಳ ಗೃಹಸ್ಥರಿಗೆ ವರ್ಷಕ್ಕೊಮ್ಮೆ ವಾರ್ಷಿಕ ವರದಿಯೆಂಬ ಪುಸ್ತಕವು ಬರುವುದುಂಟು. ಹಿಂದೆ ಅಂಚೆಯಾಳು ತಂದುಕೊಡುತ್ತಿದ್ದ ಈ ಪುಸ್ತಕವು ಈಗ ಬಹುಮಟ್ಟಿಗೆ ಮಿಂಚಂಚೆಯಲ್ಲಿ ಬರುವುದು. ಮನೆಯ ಯಜಮಾನರು ಡಿವಿಡೆಂಡು ಎಷ್ಟೆಂಬುದೊಂದನ್ನು ನೋಡಿ, ಮಿಕ್ಕ ಪುಟಗಳನ್ನು ತಿರುವದೆಯೇ ಬದಿಗಿಡುವರು. ಠೇವಣಿಯಿಟ್ಟವರಲ್ಲಿ ಹೆಚ್ಚಿನವರಂತೂ ಆ ಪುಸ್ತಕದ ಮುಖವನ್ನೇ ಕಂಡಿರುವುದಿಲ್ಲ. ಅದು ಲೆಕ್ಕಿಗರು ಲೆಕ್ಕಿಗರಿಗಾಗಿ ಬರೆದುದೆಂದು ನಾವೆಲ್ಲರೂ ನಂಬಿದ್ದೇವೆ. ಈ ನಂಬಿಕೆಯು ತಪ್ಪೆಂಬುದನ್ನೂ, ಆ ಪುಸ್ತಕದ ಒಂದೊಂದು ಸಾಲೂ ಯಾರೋ ಒಬ್ಬರ ನಷ್ಟದಿಂದ ಸಂಪಾದಿತವಾದುದೆಂಬುದನ್ನೂ ನಮ್ಮ ಊರಿನ ಚರಿತ್ರೆಯನ್ನೇ ಮುಂದಿಟ್ಟುಕೊಂಡು ವಾಚಕರಲ್ಲಿ ಅರಿಕೆಮಾಡುವುದೇ ಈ ಲೇಖನದ ಉದ್ದೇಶವು.

ಲೆಕ್ಕವಿಡುವ ವಿದ್ಯೆಯು ನಮ್ಮ ದೇಶಕ್ಕೆ ಹೊಸದಲ್ಲ. ಇದಕ್ಕೆ ಸಾಕ್ಷಿಯಾದ ಮಹಾಗ್ರಂಥವು ದೊರೆತುದೂ ಮೈಸೂರಿನಲ್ಲಿಯೇ. ಇಲ್ಲಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನು ಅಚ್ಚುಮಾಡಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಲೆಕ್ಕದ ಕಛೇರಿಯ ವಿಷಯವಾಗಿಯೇ ಒಂದು ಅಧ್ಯಾಯವಿದೆ. ಆಷಾಢಮಾಸದಲ್ಲಿ ವರ್ಷದ ಲೆಕ್ಕವು ಮುಗಿಯತಕ್ಕದ್ದು. ಅಧಿಕಾರಿಗಳು ಮುದ್ರೆಯೊತ್ತಿದ ಲೆಕ್ಕದ ಪುಸ್ತಕಗಳನ್ನೂ ಉಳಿಕೆಯ ಹಣವನ್ನೂ ತಂದೊಪ್ಪಿಸತಕ್ಕದ್ದು. ಹಾಗೆ ಬಂದವರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳದಂತೆ ನೋಡಿಕೊಳ್ಳತಕ್ಕದ್ದು. ಮುಂದಿನ ಅಧ್ಯಾಯದಲ್ಲಿ ಸರ್ಕಾರದ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿ ಹೇಳಿದೆ. ಬಂದ ಹಣವನ್ನು ಬಾರದೆಂದು ಬರೆಯುವುದು, ಬಾರದುದನ್ನು ಬಂದಿತೆಂದು ಬರೆಯುವುದು ಮೊದಲಾದ ಆ ಬಗೆಗಳಲ್ಲಿ ಇಂದಿನ ಪತ್ರಿಕೆಗಳಲ್ಲಿ ಕಾಣದಿರುವುದು ಅಪೂರ್ವವೆಂದೇ ಹೇಳಬೇಕು. ಇಷ್ಟಾದರೂ ಒಂದು ಮಾತನ್ನು ಮರೆಯಲಾಗದು. ಕೌಟಿಲ್ಯನ ಲೆಕ್ಕವೆಲ್ಲವೂ ಅರಸನಿಗೆ ಸಲ್ಲತಕ್ಕ ಲೆಕ್ಕ. ಹಣವನ್ನು ತೆತ್ತ ಪ್ರಜೆಯು ಅದನ್ನು ಕೇಳಬಹುದೆಂಬ ಭಾವನೆಗೆ ಅಲ್ಲಿ ಎಡೆಯಿಲ್ಲ.

ವರ್ತಕರ ಲೆಕ್ಕವೂ ಹೀಗೆಯೇ ಮನೆಯೊಳಗಿನ ಮಾತಾಗಿತ್ತು. ನಮ್ಮ ಸೀಮೆಯಲ್ಲಿ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಲೆಕ್ಕವನ್ನು ಬರೆಯುತ್ತಿದ್ದರು. ಕಛೇರಿಯ ಕಾಗದದ ಕಟ್ಟಿಗೆ ನಾವು ಇಂದಿಗೂ ಕಡತವೆನ್ನುವುದು ಈ ಬಟ್ಟೆಯ ಪುಸ್ತಕದ ನೆನಪೇ ಆಗಿದೆ. ಅದು ಬಹುಕಾಲ ಬಾಳುತ್ತಿತ್ತು. ಆದರೆ ಒರಸಿದರೆ ಅಳಿಯುತ್ತಲೂ ಇತ್ತು. ಅಂಗಡಿಯ ಹಣವು ಅಂಗಡಿಯವನದೇ ಆಗಿದ್ದಾಗ ಇದರಿಂದ ಪರರಿಗೆ ಬಾಧೆಯಿರಲಿಲ್ಲ. ಪರರ ಹಣವನ್ನು ಕೂಡಿಹಾಕಿ ವ್ಯಾಪಾರಮಾಡುವ ಸಂಸ್ಥೆಗಳು ಹುಟ್ಟಿದ ಮೇಲೆ, ಅಳಿಸಲಾಗದ ಲೆಕ್ಕವು, ಅದರಲ್ಲಿಯೂ ಪರರ ಕಣ್ಣಿಗೆ ಬೀಳುವ ಲೆಕ್ಕವು, ಅವಶ್ಯವಾಯಿತು.

ಲೆಕ್ಕವನ್ನು ಪ್ರಜೆಗಳ ಮುಂದೆ ಬಾಯಿಬಿಟ್ಟು ಹೇಳುವ ಪದ್ಧತಿಯನ್ನು ನಮ್ಮಲ್ಲಿ ಮೊದಲು ಹಾಕಿಕೊಟ್ಟುದು ಬ್ಯಾಂಕೂ ಅಲ್ಲ, ಕಂಪೆನಿಯೂ ಅಲ್ಲ, ಮೈಸೂರು ಸರ್ಕಾರವೇ. ೧೮೮೧ನೇ ಇಸವಿಯ ಮಾರ್ಚಿಯಲ್ಲಿ ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿ ಬಂದಾಗ ಬೊಕ್ಕಸದ ಸ್ಥಿತಿಯು ಶೋಚನೀಯವಾಗಿತ್ತು. ೧೮೭೬ರಿಂದ ೭೮ರ ವರೆಗಿನ ಮಹಾಕ್ಷಾಮವು ಸುಮಾರು ಹತ್ತು ಲಕ್ಷ ಜನರನ್ನು ಆಹುತಿ ತೆಗೆದುಕೊಂಡು, ಸಂಸ್ಥಾನದ ಮೇಲೆ ಎಂಬತ್ತು ಲಕ್ಷ ರೂಪಾಯಿಗಳ ಸಾಲವನ್ನು ಹೊರಿಸಿ ಹೋಗಿತ್ತು. ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಸಲ್ಲಬೇಕಾಗಿದ್ದ ಕಾಣಿಕೆಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ ಮೂವತ್ತೈದು ಲಕ್ಷಕ್ಕೆ ಏರಿಸಲಾಗಿತ್ತು. ಏರಿಕೆಯ ಭಾಗಕ್ಕೆ ಕೆಲವು ವರ್ಷಗಳ ವಾಯಿದೆಯು ಮಾತ್ರ ದೊರೆತಿತ್ತು. ಇಂತಹ ಮನೆವಾರ್ತೆಯನ್ನು ಮುಚ್ಚಿಡುವುದೇ ಲೋಕದ ರೂಢಿ. ಆದರೆ ದಿವಾನ್ ಸಿ. ವಿ. ರಂಗಾಚಾರ್ಲುರವರು ಅದೇ ವರ್ಷ ಅಕ್ಟೋಬರ್ ೭ರಂದು, ದಸರಾ ಮಹೋತ್ಸವದ ಸಮಯದಲ್ಲಿ, ತಾಲ್ಲೂಕುಗಳಿಂದ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಬರಮಾಡಿಕೊಂಡು, ೧೪೪ ಮಂದಿ ಪ್ರತಿನಿಧಿಗಳ ಸಮ್ಮುಖದಲ್ಲಿ ಸಂಸ್ಥಾನದ ಹಣಕಾಸಿನ ಸ್ಥಿತಿಯನ್ನು ನಿರೂಪಿಸಿದರು. ಇದೇ ಪ್ರಜಾಪ್ರತಿನಿಧಿ ಸಭೆಯ ಜನನ.

ಆ ಸಭೆಗೆ ಆಗ ಅಧಿಕಾರವೇನೂ ಇರಲಿಲ್ಲ. ಅದಕ್ಕೆ ಶಾಸನಬದ್ಧವಾದ ಸ್ಥಾನವೂ ಆಯವ್ಯಯವನ್ನು ಕುರಿತು ಚರ್ಚಿಸುವ ಹಕ್ಕೂ ದೊರೆತುದು ೧೯೨೩ರಲ್ಲಿ. ಆದರೂ ಲೆಕ್ಕವನ್ನು ಕೇಳಿದವನು ಮುಂದೆ ಪ್ರಶ್ನೆ ಕೇಳದೆ ಬಿಡುವನೇ? ಒಂದು ವರ್ಷ ಇಷ್ಟು ಹಣವೆಂದು ಹೇಳಿದ ದಿವಾನರು ಮರುವರ್ಷ ಅದೇ ಸಭೆಯ ಮುಂದೆ ನಿಲ್ಲಬೇಕಾಗಿತ್ತು. ಹೇಳಿಕೆಗೂ ಹೊಣೆಗೂ ಇರುವ ಈ ಸಂಬಂಧವನ್ನು ಕಂಪೆನಿಗಳು ಕಲಿಯುವುದಕ್ಕೆ ಬಹುಕಾಲ ಹಿಡಿಯಿತು.

ಕಂಪೆನಿಗಳ ಪಾಠಶಾಲೆಯು ದಿವಾಳಿಯೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸಿಟಿ ಬ್ಯಾಂಕು ೧೮೭೮ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿದಾಗ, ಅದರ ನಿರ್ದೇಶಕರು ಸುಳ್ಳು ಅಢಾವೆ ಪತ್ರಿಕೆಗಳನ್ನು ಪ್ರಕಟಿಸುತ್ತಿದ್ದರೆಂಬುದು ಹೊರಬಿದ್ದಿತು. ಷೇರುದಾರರ ಹೊಣೆಗೆ ಮಿತಿಯಿಲ್ಲದಿದ್ದುದರಿಂದ ಅವರಲ್ಲಿ ಎಷ್ಟೋ ಸಂಸಾರಗಳು ಬೀದಿಪಾಲಾದುವು. ಮರುವರ್ಷದ ಶಾಸನವು ಅಂದಿನಿಂದ ಮಿತಹೊಣೆಗೆ ಒಳಪಡುವ ಬ್ಯಾಂಕುಗಳ ಲೆಕ್ಕವನ್ನು ಹೊರಗಿನ ಪರಿಶೋಧಕರು ನೋಡಲೇಬೇಕೆಂದು ವಿಧಿಸಿತು. ನಮ್ಮ ನೆರೆಯ ಮದರಾಸಿನಲ್ಲಿ ೧೯೦೬ರ ಅಕ್ಟೋಬರಿನಲ್ಲಿ ಅರ್ಬತ್‌ನಾಟ್ ಕಂಪೆನಿಯು ಬಿದ್ದಿತು. ದಕ್ಷಿಣ ದೇಶದ ವಕೀಲರು, ವಿಧವೆಯರು, ವಿಶ್ರಾಂತಿವೇತನದಾರರು ಮುಂತಾದವರ ಉಳಿತಾಯವು ಅದರೊಡನೆ ಮುಳುಗಿತು. ಅದು ಪಾಲುದಾರರ ಖಾಸಗಿ ಸಂಸ್ಥೆಯಾಗಿದ್ದುದರಿಂದ ಅಢಾವೆಯನ್ನು ಪ್ರಕಟಿಸಬೇಕೆಂಬ ನಿರ್ಬಂಧವೇ ಅದಕ್ಕೆ ಇರಲಿಲ್ಲ. ಹೆಸರಿನ ಗೌರವವನ್ನು ನೋಡಿ ಜನರು ಹಣವಿಟ್ಟಿದ್ದರು.

ಈ ಹಿನ್ನೆಲೆಯಲ್ಲಿ ಮೈಸೂರು ಬ್ಯಾಂಕಿನ ಉದಯವನ್ನು ನೋಡಬೇಕು. ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸ್ಥಾಪಿತವಾದ ಈ ಬ್ಯಾಂಕು ೧೯೧೩ನೇ ಇಸವಿಯ ಮೇ ತಿಂಗಳಲ್ಲಿ ರಿಜಿಸ್ಟರಾಗಿ, ಅಕ್ಟೋಬರ್ ೨ರಂದು ಬೆಂಗಳೂರಿನಲ್ಲಿ ವ್ಯವಹಾರವನ್ನು ಆರಂಭಿಸಿತು. ಅದಕ್ಕಿಂತ ಕೆಟ್ಟ ಮುಹೂರ್ತವನ್ನು ಯಾವ ಜೋಯಿಸನೂ ಇಟ್ಟುಕೊಡಲಾರನು! ಅದಕ್ಕೆ ಕೆಲವೇ ದಿನಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಲಾಹೋರಿನ ಪೀಪಲ್ಸ್ ಬ್ಯಾಂಕು ಹಣಕೊಡುವುದನ್ನು ನಿಲ್ಲಿಸಿತ್ತು. ನವೆಂಬರಿನಲ್ಲಿ, ಬೆಳ್ಳಿಯ ಸಟ್ಟಾವ್ಯಾಪಾರದಲ್ಲಿ ಸಿಕ್ಕಿಬಿದ್ದ ಬೊಂಬಾಯಿಯ ಇಂಡಿಯನ್ ಸ್ಪೀಷಿ ಬ್ಯಾಂಕು ಮುರಿಯಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಹಿಂದೂದೇಶದಲ್ಲಿ ಬಿದ್ದುಹೋದ ಬ್ಯಾಂಕುಗಳು ಹತ್ತಾರು. ಅದೇ ೧೯೧೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸರು, ಈ ದೇಶದ ಸಣ್ಣ ಬ್ಯಾಂಕುಗಳು ಕೈಯಲ್ಲಿಟ್ಟುಕೊಂಡಿರುವ ನಗದು ಏನೇನೂ ಸಾಲದೆಂದೂ, ಕೆಟ್ಟ ಕಾಲ ಬಂದೊಡನೆ ಅವು ಉರುಳುವುವೆಂದೂ ಎಚ್ಚರಿಸಿದ್ದರು. ಗಮನಿಸಬೇಕಾದುದೇನೆಂದರೆ, ನಗದಿಗೂ ಠೇವಣಿಗೂ ಇರುವ ಪ್ರಮಾಣವು ಅಢಾವೆಯನ್ನು ನೋಡಬಲ್ಲ ಯಾರಿಗಾದರೂ ಕಾಣಬಹುದಾದ ಸಂಗತಿ. ನೋಡಬಲ್ಲವರು ಮಾತ್ರ ವಿರಳವಾಗಿದ್ದರು.

ಕಾನೂನು ಮೆಲ್ಲಮೆಲ್ಲನೆ ಬಿಗಿಯಾಯಿತು. ಬ್ರಿಟಿಷ್ ಇಂಡಿಯಾದ ೧೯೧೩ರ ಕಂಪೆನಿ ಆಕ್ಟು ಪರಿಶೋಧಿತವಾದ ಅಢಾವೆಯನ್ನು ಕಡ್ಡಾಯಮಾಡಿತು. ೧೯೩೬ರ ತಿದ್ದುಪಡಿಯು ಬ್ಯಾಂಕುಗಳಿಗೆ ಪ್ರತ್ಯೇಕ ವಿಧಿಗಳನ್ನಿಟ್ಟಿತು. ಮೈಸೂರು ಸಂಸ್ಥಾನವು ತನ್ನದೇ ಕಂಪೆನಿ ಶಾಸನವನ್ನು ನಡೆಸಿಕೊಂಡು ಬಂದಿತು. ೧೯೪೯ರಲ್ಲಿ ಬ್ಯಾಂಕಿಂಗ್ ಕಂಪೆನಿಗಳ ಶಾಸನವು ಜಾರಿಗೆ ಬಂದು, ಅಢಾವೆಯ ನಮೂನೆಯನ್ನೂ ಲಾಭನಷ್ಟದ ನಮೂನೆಯನ್ನೂ ಅನುಬಂಧದಲ್ಲಿ ಗೊತ್ತುಮಾಡಿತು.

ಆದರೆ ಆ ನಮೂನೆಯಲ್ಲಿಯೇ ಒಂದು ಪರದೆಯಿತ್ತು. ಬ್ಯಾಂಕು ತನ್ನ ವರಮಾನವನ್ನು ತೋರಿಸುವಾಗ, ವಸೂಲಾಗದ ಸಾಲಗಳಿಗಾಗಿ ತೆಗೆದಿಟ್ಟ ಮೊತ್ತವನ್ನು ಮೊದಲೇ ಕಳೆದು, ಉಳಿದುದನ್ನು ಮಾತ್ರ ತೋರಿಸಬಹುದಾಗಿತ್ತು. ಎಷ್ಟು ಸಾಲ ಕೆಟ್ಟಿತು, ಅದಕ್ಕಾಗಿ ಎಷ್ಟು ತೆಗೆದಿಟ್ಟರು ಎಂಬುದು ಓದುವವನಿಗೆ ತಿಳಿಯುತ್ತಿರಲಿಲ್ಲ. ಇದನ್ನೇ ಗುಪ್ತನಿಧಿಯ ಪದ್ಧತಿಯೆಂದರು. ಇದರ ಪರವಾಗಿ ಹೇಳುವ ಮಾತು ತಳ್ಳಿಹಾಕತಕ್ಕದ್ದಲ್ಲ. ಬ್ಯಾಂಕು ನಿಂತಿರುವುದು ನಂಬಿಕೆಯ ಮೇಲೆ. ಒಂದು ವರ್ಷದ ನಷ್ಟವನ್ನು ಡಂಗುರ ಹೊಡೆದರೆ ಠೇವಣಿದಾರರೆಲ್ಲರೂ ಒಂದೇ ದಿನ ಬಾಗಿಲಿಗೆ ಬಂದು, ಗಟ್ಟಿಯಾದ ಬ್ಯಾಂಕೂ ಮುರಿಯಬಹುದು. ಒಳ್ಳೆಯ ವರ್ಷದಲ್ಲಿ ಸದ್ದಿಲ್ಲದೆ ಕೂಡಿಟ್ಟು, ಕೆಟ್ಟ ವರ್ಷದಲ್ಲಿ ಸದ್ದಿಲ್ಲದೆ ತೆಗೆದುಕೊಳ್ಳುವುದು ಜಾಣ ಗೃಹಿಣಿಯ ನಡತೆಯಲ್ಲವೆ ಎಂದು ಪ್ರಾಮಾಣಿಕರೂ ಕೇಳುತ್ತಿದ್ದರು.

ಆದರೆ ಗೃಹಿಣಿಯು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುವುದು ತನ್ನ ಮನೆಯ ಹಣವನ್ನು. ಬ್ಯಾಂಕು ಬಚ್ಚಿಡುವುದು ಪರರ ಹಣದ ಸುದ್ದಿಯನ್ನು. ಜಾಗರೂಕನನ್ನು ಮರೆಮಾಡುವ ಪರದೆಯೇ ಅಜಾಗರೂಕನನ್ನೂ ಮರೆಮಾಡುವುದು. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕಿನ ಉದಾಹರಣೆಯನ್ನು ನೋಡಿರಿ. ರಿಸರ್ವ್ ಬ್ಯಾಂಕಿನ ತನಿಖೆಗಾರರಿಗೆ ಅದರ ರೋಗವು ವರ್ಷಗಳ ಮೊದಲೇ ತಿಳಿದಿತ್ತು. ಠೇವಣಿದಾರರಿಗೆ ತಿಳಿದುದು ೧೯೬೦ರ ಆಗಸ್ಟಿನಲ್ಲಿ, ಬಾಗಿಲು ಮುಚ್ಚಿದ ದಿನ. ಅದರ ಫಲವಾಗಿ ೧೯೬೨ರಿಂದ ಠೇವಣಿಗಳಿಗೆ ವಿಮೆಯು ಬಂದಿತು. ಆರಂಭದಲ್ಲಿ ೧,೫೦೦ ರೂಪಾಯಿಗಳಷ್ಟಿದ್ದ ಆ ರಕ್ಷೆಯು ೨೦೨೦ರಲ್ಲಿ ಐದು ಲಕ್ಷಕ್ಕೆ ಏರಿತು. ವಿಮೆ ಬಂದಿತು, ಆದರೆ ಪರದೆ ಸರಿಯಲಿಲ್ಲ.

ಅದು ಸರಿದುದು ಮತ್ತೆ ಮೂವತ್ತು ವರ್ಷಗಳ ಬಳಿಕ. ೧೯೯೨ರ ಮಾರ್ಚ್ ೩೧ಕ್ಕೆ ಮುಗಿದ ವರ್ಷದಿಂದ ಹೊಸ ನಮೂನೆಯು ಜಾರಿಗೆ ಬಂದು, ವರಮಾನವನ್ನೂ ತೆಗೆದಿಟ್ಟ ಮೊತ್ತವನ್ನೂ ಬೇರೆಬೇರೆಯಾಗಿ ತೋರಿಸುವುದು ಅವಶ್ಯವಾಯಿತು. ನರಸಿಂಹಂ ಸಮಿತಿಯ ಸಲಹೆಯನ್ನನುಸರಿಸಿ, ಬಡ್ಡಿಯೇ ಬಾರದ ಸಾಲದ ಮೇಲೆ ಬಡ್ಡಿ ಬಂದಿತೆಂದು ಬರೆದುಕೊಳ್ಳುವ ಹಳೆಯ ಚಾಳಿಯನ್ನು ರಿಸರ್ವ್ ಬ್ಯಾಂಕು ನಿಲ್ಲಿಸಿತು. ಬಾರದುದನ್ನು ಬಂದಿತೆಂದು ಬರೆಯುವುದು ಕೌಟಿಲ್ಯನ ಪಟ್ಟಿಯಲ್ಲಿಯೂ ಇದ್ದ ದೋಷವೆಂಬುದನ್ನು ವಾಚಕರು ಮರೆತಿರಲಾರರು. ೨೦೧೫ರಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳ ಸಾಲಗಳನ್ನು ಮರುಪರೀಕ್ಷೆ ಮಾಡಿದಾಗ, ಚೆನ್ನಾಗಿವೆಯೆಂದು ಬರೆದಿದ್ದ ಎಷ್ಟೋ ಸಾಲಗಳು ಕೆಟ್ಟವೆಂದು ತಿಳಿದುಬಂದಿತು. ೨೦೧೭ರಲ್ಲಿ ಹೊರಟ ಆಜ್ಞೆಯಂತೆ, ತನಿಖೆಗಾರರ ಎಣಿಕೆಗೂ ಬ್ಯಾಂಕಿನ ಎಣಿಕೆಗೂ ಇರುವ ಅಂತರವು ಗೊತ್ತಾದ ಮಿತಿಯನ್ನು ಮೀರಿದರೆ ಅದನ್ನು ವಾರ್ಷಿಕ ವರದಿಯಲ್ಲಿಯೇ ಒಪ್ಪಿಕೊಳ್ಳಬೇಕು. ಪಾಲಾಯಿಯ ಠೇವಣಿದಾರರಿಗೆ ದೊರೆಯದೆ ಹೋದ ತಿಳಿವಳಿಕೆಯು ಹೀಗೆ ಐವತ್ತೇಳು ವರ್ಷಗಳ ತರುವಾಯ ಒಂದು ಟಿಪ್ಪಣಿಯ ರೂಪದಲ್ಲಿ ದೊರೆಯಿತು.

ಅದೇ ೨೦೧೭ರಲ್ಲಿ ನಮ್ಮ ಮೈಸೂರು ಬ್ಯಾಂಕಿನ ಚರಿತ್ರೆಯೂ ಮುಗಿಯಿತು. ೧೯೬೦ರಿಂದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂಬ ಹೆಸರಿನಲ್ಲಿದ್ದ ಅದು ಏಪ್ರಿಲ್ ೧ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಅದರ ಹತ್ತು ಷೇರುಗಳಿಗೆ ದೊಡ್ಡ ಬ್ಯಾಂಕಿನ ಇಪ್ಪತ್ತೆರಡು ಷೇರುಗಳೆಂದು ಗೊತ್ತುಮಾಡಿದರು. ತಾತನ ಕಾಲದ ಷೇರುಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಮನೆಯವರು ಈ ಪ್ರಮಾಣವು ನ್ಯಾಯವೇ ಎಂದು ವಿಚಾರಿಸಿಕೊಳ್ಳಬೇಕಾದರೆ ಅವರಿಗಿದ್ದ ಆಧಾರವು ಯಾವುದು? ವರ್ಷವರ್ಷವೂ ತೆರೆಯದೆ ಬದಿಗಿಟ್ಟ ಆ ವರದಿಗಳೇ. ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತವು ಇಂದಿಗೂ ಆ ಹೆಸರನ್ನು ಹೊತ್ತಿದೆ. ಬ್ಯಾಂಕು ಮಾತ್ರ ಇಲ್ಲ.

ವರದಿಯನ್ನು ಓದುವುದಕ್ಕೆ ಲೆಕ್ಕಶಾಸ್ತ್ರದ ಪದವಿಯು ಬೇಕಾಗಿಲ್ಲ. ಅಧ್ಯಕ್ಷರ ಭಾಷಣವನ್ನೂ ಬಣ್ಣದ ಚಿತ್ರಗಳನ್ನೂ ಕಡೆಗೆ ನೋಡಬಹುದು. ಮೊದಲು ನೋಡತಕ್ಕದ್ದು ಪರಿಶೋಧಕರ ವರದಿ: ಅವರು ಯಾವ ಆಕ್ಷೇಪವೂ ಇಲ್ಲದೆ ಸಹಿಹಾಕಿದ್ದಾರೆಯೆ, ಇಲ್ಲವೆ ಒಂದು ‘ಆದರೆ’ಯನ್ನು ಸೇರಿಸಿದ್ದಾರೆಯೆ? ಎರಡನೆಯದು, ಕೊಟ್ಟ ಸಾಲದಲ್ಲಿ ನೂರಕ್ಕೆ ಎಷ್ಟು ಕೆಟ್ಟಿದೆ, ಅದಕ್ಕಾಗಿ ಎಷ್ಟು ತೆಗೆದಿಟ್ಟಿದ್ದಾರೆ? ಮೂರನೆಯದು, ನಿರ್ದೇಶಕರಿಗೂ ಅವರ ಬಂಧುಗಳಿಗೂ ಸೇರಿದ ಸಂಸ್ಥೆಗಳಿಗೆ ಹೋದ ಹಣವೆಷ್ಟು? ಈ ಮೂರನ್ನು ಕಳೆದ ವರ್ಷದ ಪುಟದೊಡನೆ ಹೋಲಿಸಿ ನೋಡುವುದಕ್ಕೆ ಒಂದು ಮಧ್ಯಾಹ್ನವು ಸಾಕು. ನಮ್ಮ ಬಡಾವಣೆಗಳ ಸಹಕಾರ ಸಂಘಗಳಿಗೂ ಇದೇ ನ್ಯಾಯವು ಅನ್ವಯಿಸುವುದು. ಅಲ್ಲಿನ ವಾರ್ಷಿಕ ಸಭೆಗೆ ಹೋಗಿ ಉಪ್ಪಿಟ್ಟನ್ನು ತಿಂದು ಬರುವ ಸದಸ್ಯರು ಒಂದು ಪ್ರಶ್ನೆಯನ್ನೂ ಕೇಳಿ ಬಂದರೆ ಸಂಘಕ್ಕೂ ಶ್ರೇಯಸ್ಸು, ತಮಗೂ ಕ್ಷೇಮ.

ಕೌಟಿಲ್ಯನ ಕಾಲದಲ್ಲಿ ಲೆಕ್ಕವು ಮುದ್ರೆಯೊತ್ತಿಸಿಕೊಂಡು ಅರಸನ ಬಳಿಗೆ ಹೋಯಿತು. ರಂಗಾಚಾರ್ಲುರವರು ಆ ಮುದ್ರೆಯನ್ನು ಒಡೆದು ಅದನ್ನು ಸಭೆಯ ಮುಂದಿಟ್ಟರು. ಇಂದು ಅದು ನಮ್ಮ ಮನೆಯ ಬಾಗಿಲಿಗೇ ಬಂದಿದೆ. ಲೆಕ್ಕವು ಹಣದ ಒಡೆಯನಿಗೆ ಸಲ್ಲತಕ್ಕದ್ದೆಂದು ಶಾಸನವು ಒಪ್ಪಿದ ಮೇಲೆ, ಅದನ್ನು ತೆರೆದು ನೋಡುವ ಕೆಲಸವೊಂದನ್ನು ಶಾಸನವು ನಮ್ಮ ಪರವಾಗಿ ಮಾಡಲಾರದು.