ಬಲಿ, ಪುನರುತ್ಥಾನ, ರಕ್ಷಣೆ: ಕಥೋಲಿಕ ಚಿಂತನೆಯಲ್ಲಿ ಋಣಪರಿಭಾಷೆಯ ಇತಿಹಾಸ

ಕನ್ನಡನಾಡಿನ ಕ್ರೈಸ್ತರಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳ ಆರಾಧನೆಗೆ ಎರಡು ಬಗೆಯ ಹೆಸರುಗಳು ರೂಢಿಯಲ್ಲಿವೆ. ಕಥೋಲಿಕರು ಅದನ್ನು 'ಬಲಿಪೂಜೆ' ಎನ್ನುತ್ತಾರೆ. ಪ್ರಾಟೆಸ್ಟಂಟರು 'ಕರ್ತನ ಭೋಜನ' ಎನ್ನುತ್ತಾರೆ. ಇದು ಕೇವಲ ಅನುವಾದಕರ ರುಚಿಭೇದವೆಂದು ತಿಳಿಯುವುದು ಸರಿಯಲ್ಲ. ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಯುರೋಪಿನ ಕ್ರೈಸ್ತಲೋಕವನ್ನು ಇಬ್ಭಾಗ ಮಾಡಿದ ಮಹಾವಿವಾದವೊಂದರ ನೆರಳು ಈ ಎರಡು ಕನ್ನಡ ಮಾತುಗಳ ಮೇಲೆ ಬಿದ್ದಿದೆ.

ಆ ವಿವಾದದ ಬುಡದಲ್ಲಿರುವುದು ಮೂರು ಭಾವನೆಗಳು: ಕ್ರಿಸ್ತನ ಮರಣವು ಒಂದು ಬಲಿ, ಅವನು ಮೂರನೆಯ ದಿನ ಎದ್ದುಬಂದನು, ಇವುಗಳಿಂದ ಮಾನವನಿಗೆ ರಕ್ಷಣೆಯುಂಟಾಯಿತು. ಈ ಮೂರು ಭಾವನೆಗಳು ಆದಿಯಲ್ಲಿ ಹೇಗೆ ಒಂದಾಗಿದ್ದುವು, ನಡುಗಾಲದಲ್ಲಿ ಹೇಗೆ ಅಗಲಿದುವು, ನಮ್ಮ ಕಾಲಕ್ಕೆ ಹತ್ತಿರವಾದ ವರ್ಷಗಳಲ್ಲಿ ಹೇಗೆ ಮತ್ತೆ ಕೂಡಿದುವು ಎಂಬುದನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಮತಪ್ರಚಾರವಾಗಲಿ ಖಂಡನೆಯಾಗಲಿ ನಮ್ಮ ಗುರಿಯಲ್ಲ. ಸಾಲ, ಜಾಮೀನು, ಅಡವುಗಳ ನಡುವೆ ದಿನಗಳೆಯುವ ಈ ಲೇಖಕನ ಗಮನವನ್ನು ಸೆಳೆದುದು ಇದರಲ್ಲಿ ಮುಖ್ಯವಾಗಿ ಒಂದೇ ವಿಷಯ: ರಕ್ಷಣೆಯನ್ನು ಕುರಿತು ಕ್ರೈಸ್ತರು ಆಡಿದ ಮಾತಿನಲ್ಲಿ ಲೆಕ್ಕದ ಪುಸ್ತಕದ ಭಾಷೆ ಎಷ್ಟು ಆಳವಾಗಿ ಬೇರೂರಿದೆ ಎಂಬುದು.

೧. ಮೂಲದಲ್ಲಿ

ಯೇಸುವಿನ ಮಾತೃಭಾಷೆಯಾದ ಅರಮಾಯಿಕದಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಶಬ್ದವುಂಟು. ಅವನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಗ್ರೀಕ್ ಭಾಷೆಯಲ್ಲಿ ಎರಡು ಪಾಠಗಳಾಗಿ ಉಳಿದಿದೆ. ಮತ್ತಾಯನ ಪಾಠದಲ್ಲಿ ಕ್ಷಮೆ ಬೇಡುವುದು ಸಾಲಗಳಿಗೆ. ಲೂಕನ ಪಾಠದಲ್ಲಿ ಪಾಪಗಳಿಗೆ. ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ಮರಣವನ್ನು 'ಲುತ್ರೋನ್' ಎಂದು ಹೇಳಿದೆ. ಗುಲಾಮನನ್ನೋ ಯುದ್ಧದಲ್ಲಿ ಸೆರೆಸಿಕ್ಕವನನ್ನೋ ಬಿಡಿಸಲು ತೆರುತ್ತಿದ್ದ ಹಣಕ್ಕೆ ಗ್ರೀಕರು ಬಳಸುತ್ತಿದ್ದ ಶಬ್ದವಿದು. ಲತೀನಿನಲ್ಲಿ ಈ ಭಾವನೆಯು 'ರೆದೆಂಪ್ಟಿಯೊ' ಆಯಿತು; ಎಂದರೆ ಹಣ ತೆತ್ತು ಮರಳಿ ಪಡೆಯುವುದು, ನಮ್ಮ ಮಾತಿನಲ್ಲಿ ಹೇಳುವುದಾದರೆ ಅಡವು ಬಿಡಿಸಿಕೊಳ್ಳುವುದು.

ಆದರೆ ಆದಿಕಾಲದಲ್ಲಿ ಈ ಭಾಷೆಯೊಂದೇ ಆಳುತ್ತಿರಲಿಲ್ಲ. ಯೆಹೂದ್ಯರ ಪಾಸ್ಖ ಹಬ್ಬದ ಕುರಿಮರಿಯ ಸ್ಮರಣೆ ಅದರೊಡನೆ ಬೆರೆತಿದ್ದಿತು. ಈಜಿಪ್ಟಿನ ದಾಸ್ಯದಿಂದ ಹೊರಟ ರಾತ್ರಿ ಇಸ್ರಾಯೇಲರ ಬಾಗಿಲುಗಳಿಗೆ ಹಚ್ಚಿದ ಆ ಮರಿಯ ರಕ್ತ ಯಾರಿಗೂ ಸಲ್ಲಿಸಿದ ಹಣವಲ್ಲ, ಬಿಡುಗಡೆಯ ಗುರುತು. ವರ್ಷಕ್ಕೊಮ್ಮೆ ಮಹಾಯಾಜಕನು ಗರ್ಭಗೃಹವನ್ನು ಹೊಕ್ಕು ಪ್ರಾಯಶ್ಚಿತ್ತ ಮಾಡುತ್ತಿದ್ದ ವಿಧಿಯನ್ನು ಹೀಬ್ರಿಯರಿಗೆ ಬರೆದ ಪತ್ರವು ಕ್ರಿಸ್ತನಿಗೆ ಅನ್ವಯಿಸಿ, ಈ ಬಲಿಯು ಒಮ್ಮೆಗೇ ಎಂದೆಂದಿಗೂ ಮುಗಿಯಿತೆಂದು ಸಾರಿತು. ಸಂತ ಪೌಲನಂತೂ ಕೊರಿಂಥದವರಿಗೆ ಸುಮಾರು ಕ್ರಿ. ಶ. ೫೫ರ ವೇಳೆಗೆ ಬರೆದ ಮೊದಲ ಪತ್ರದಲ್ಲಿ, ಕ್ರಿಸ್ತನು ಏಳದೆ ಇದ್ದಿದ್ದರೆ ನಂಬಿಕೆಯೇ ವ್ಯರ್ಥವೆಂದೂ ಪಾಪವು ಇನ್ನೂ ಹಾಗೆಯೇ ಉಳಿದಿರುತ್ತಿದ್ದಿತೆಂದೂ ವಾದಿಸಿದನು. ಕೇವಲ ಸಾಲ ತೀರಿಸುವುದೇ ಉದ್ದೇಶವಾಗಿದ್ದರೆ ಮರಣದೊಂದಿಗೆ ವ್ಯವಹಾರ ಮುಗಿಯಬೇಕಾಗಿತ್ತು. ಪೌಲನಿಗೆ ಹಾಗೆ ಮುಗಿದಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಭಾರತೀಯ ವಾಚಕರು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಪುನರುತ್ಥಾನವು ಪುನರ್ಜನ್ಮವಲ್ಲ. ಆತ್ಮವು ಒಂದು ದೇಹವನ್ನು ಬಿಟ್ಟು ಮತ್ತೊಂದನ್ನು ಧರಿಸುವ ಕಲ್ಪನೆ ಅದರಲ್ಲಿಲ್ಲ. ಸತ್ತ ವ್ಯಕ್ತಿಯೇ, ರೂಪಾಂತರ ಹೊಂದಿದ ತನ್ನ ದೇಹದೊಡನೆ, ಮರಣವು ಮತ್ತೆ ಮುಟ್ಟಲಾರದ ಬಾಳಿಗೆ ಏಳುವನೆಂಬುದು ಆ ನಂಬಿಕೆ. ದೇಹಕ್ಕೂ ರಕ್ಷಣೆಯುಂಟೆಂಬ ಈ ಮಾತಿನಿಂದಲೇ ಕಥೋಲಿಕರು ಬಹುಕಾಲ ಶವದಹನವನ್ನು ನಿಷೇಧಿಸಿದ್ದರು. ೧೯೬೩ರಲ್ಲಿ ರೋಮು ಈ ನಿಷೇಧವನ್ನು ಸಡಿಲಿಸಿತು. ೨೦೧೬ರ ಆದೇಶವೊಂದು ದಹನವನ್ನು ಒಪ್ಪಿಯೂ ಚಿತಾಭಸ್ಮವನ್ನು ಗಾಳಿಗೋ ನೀರಿಗೋ ಚೆಲ್ಲಕೂಡದೆಂದು ವಿಧಿಸಿತು.

೨. ಹಣ ಸಂದುದು ಯಾರಿಗೆ?

ಬಿಡುಗಡೆಯ ಹಣವೆಂದ ಮೇಲೆ ಅದನ್ನು ಪಡೆದವನೊಬ್ಬನಿರಬೇಕಷ್ಟೆ. ಮೂರನೆಯ ಶತಮಾನದ ಒರಿಗೆನನು ಅದು ಮನುಷ್ಯರನ್ನು ಸೆರೆಯಲ್ಲಿಟ್ಟಿದ್ದ ಸೈತಾನನಿಗೆ ಸಂದಿತೆಂದು ಊಹಿಸಿದನು. ನಾಲ್ಕನೆಯ ಶತಮಾನದಲ್ಲಿ ನಿಸ್ಸದ ಗ್ರೆಗೊರಿ ಇದಕ್ಕೊಂದು ದೃಷ್ಟಾಂತವನ್ನೇ ಕೊಟ್ಟನು: ಕ್ರಿಸ್ತನ ಮಾನವದೇಹವು ಗಾಳದ ಎರೆಯಂತೆ, ಅದನ್ನು ನುಂಗಿದ ಸೈತಾನನು ಒಳಗೆ ಅಡಗಿದ್ದ ದೈವತ್ವದ ಕೊಕ್ಕೆಗೆ ಸಿಕ್ಕಿಬಿದ್ದನು. ಆತನ ಸಮಕಾಲೀನನಾದ ನಾಜಿಯಾಂಜಸಿನ ಗ್ರೆಗೊರಿಗೆ ಈ ಮಾತು ಅಸಹ್ಯವೆನಿಸಿತು. ಕಳ್ಳನಿಗೆ ದೇವರು ಹಣ ತೆರುವುದೆಂದರೇನು? ಇತ್ತ ಪಿತನಿಗೆ ಸಂದಿತೆನ್ನೋಣವೆಂದರೆ, ಆತನು ನಮ್ಮನ್ನು ಸೆರೆಯಲ್ಲಿಟ್ಟವನೇ ಅಲ್ಲ. ಹೀಗೆ ಆತನು ಎರಡು ಉತ್ತರಗಳನ್ನೂ ನಿರಾಕರಿಸಿದನು. ರೂಪಕವನ್ನು ಲೆಕ್ಕಪತ್ರದಂತೆ ಓದಬಾರದೆಂಬ ಎಚ್ಚರ ಹೀಗೆ ಆ ಕಾಲದಲ್ಲಿಯೇ ಮೂಡಿದ್ದಿತು.

ಬಲಿಯೆಂದರೇನೆಂಬ ಪ್ರಶ್ನೆಗೆ ಸಂತ ಅಗಸ್ಟೀನನು ೪೧೩ರಿಂದ ೪೨೬ರವರೆಗೆ ರಚಿಸಿದ 'ದೇವನಗರ'ದ ಹತ್ತನೆಯ ಭಾಗದಲ್ಲಿ ಬೇರೊಂದು ದಿಕ್ಕಿನಿಂದ ಉತ್ತರವಿತ್ತನು. ದೇವರೊಡನೆ ಒಂದಾಗುವುದಕ್ಕಾಗಿ ಮಾಡಿದ ಪ್ರತಿಯೊಂದು ಕಾರ್ಯವೂ ನಿಜವಾದ ಬಲಿಯೇ ಎಂಬುದು ಆತನ ಅಭಿಪ್ರಾಯ. ಇಲ್ಲಿ ಬಲಿಯ ತಿರುಳು ಕೊಲೆಯೂ ಅಲ್ಲ, ಪಾವತಿಯೂ ಅಲ್ಲ, ಆತ್ಮಾರ್ಪಣೆ.

೩. ಅನ್ಸೆಲ್ಮನ ತರ್ಕ

ಸೈತಾನನನ್ನು ಈ ವ್ಯವಹಾರದಿಂದ ಹೊರಗಟ್ಟಿದವರಲ್ಲಿ ಮುಖ್ಯನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮನು. 'ದೇವರು ಏಕೆ ಮನುಷ್ಯನಾದನು' ಎಂಬ ಅವನ ಗ್ರಂಥ ೧೦೯೮ರಲ್ಲಿ ಮುಗಿಯಿತು. ಅದರ ಸಾರಾಂಶವಿಷ್ಟು: ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದೇ ಪಾಪ. ಆ ಕೊರತೆ ತುಂಬಲೇಬೇಕು, ಇಲ್ಲವೆ ದಂಡನೆಯಾಗಬೇಕು. ತೀರಿಸಬೇಕಾದವನು ಮನುಷ್ಯನು, ಆದರೆ ಅವನಲ್ಲಿರುವುದೆಲ್ಲವೂ ಮೊದಲೇ ದೇವರಿಗೆ ಸಲ್ಲತಕ್ಕದ್ದು, ಸಾಲಕ್ಕೆಂದು ಹೆಚ್ಚಿಗೆ ಕೊಡಲು ಏನೂ ಇಲ್ಲ. ತೀರಿಸಬಲ್ಲವನು ದೇವರೊಬ್ಬನೇ. ಆದುದರಿಂದ ದೇವನೂ ಮನುಷ್ಯನೂ ಆದವನು ಬರಬೇಕಾಯಿತು. ಅವನು ನಿಷ್ಪಾಪಿ, ಮರಣವು ಅವನು ತೆರಬೇಕಾಗಿದ್ದ ಋಣವಲ್ಲ. ತೆರಬೇಕಾಗಿಲ್ಲದುದನ್ನು ಅವನು ತಾನಾಗಿ ತೆತ್ತುದರಿಂದ ಅದರ ಫಲವು ಮಾನವರಿಗೆ ವರ್ಗವಾಯಿತು.

ನಮ್ಮ ಪರಂಪರೆಯ ಋಣತ್ರಯವನ್ನು ಬಲ್ಲವರಿಗೆ ಇಲ್ಲಿನ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಯಜ್ಞ, ಅಧ್ಯಯನ, ಸಂತಾನಗಳಿಂದ ಹುಟ್ಟಿದವನೇ ತೀರಿಸತಕ್ಕದ್ದು. ಅನ್ಸೆಲ್ಮನ ಋಣವನ್ನು ಹೊತ್ತವನು ತೀರಿಸಲಾರ. ಜಾಮೀನುದಾರನೇ ಮುಂದೆ ಬರಬೇಕು.

ಈ ತರ್ಕದ ಬಿಗಿ ಮೆಚ್ಚತಕ್ಕದ್ದೇ ಸರಿ. ಆದರೆ ಅದರ ಕೊರತೆಯೂ ಆ ಬಿಗಿಯಲ್ಲಿಯೇ ಇದೆ. ಶಿಲುಬೆಯಲ್ಲಿ ಲೆಕ್ಕ ಚುಕ್ತಾ ಆದ ಮೇಲೆ ಪುನರುತ್ಥಾನಕ್ಕೆ ಈ ವಾದದಲ್ಲಿ ಮಾಡುವ ಕೆಲಸವೇನೂ ಉಳಿಯುವುದಿಲ್ಲ. ಅಬೆಲಾರ್ಡನು (೧೦೭೯–೧೧೪೨) ಕ್ರಿಸ್ತನ ಮರಣವು ಮಾನವನ ಹೃದಯದಲ್ಲಿ ಪ್ರೀತಿಯನ್ನು ಹೊತ್ತಿಸಿತೆಂದು ಹೇಳಿ ಋಣವಾದದಿಂದ ದೂರ ಸರಿದನು. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸನು ಅನ್ಸೆಲ್ಮನ ಮಾತನ್ನು ಸ್ವೀಕರಿಸಿಯೂ ಅದನ್ನು ಹಲವು ವಿವರಣೆಗಳಲ್ಲಿ ಒಂದೆಂದು ಮಾತ್ರ ಇರಿಸಿದನು. ಕ್ರಿಸ್ತನ ಪುನರುತ್ಥಾನವು ನಮ್ಮ ಪುನರುತ್ಥಾನಕ್ಕೆ ಕಾರಣವೆಂದೂ ಸ್ಪಷ್ಟಪಡಿಸಿದನು. ಆದರೆ ಜನಮನದಲ್ಲಿ ನೆಲೆಸಿದುದು ಪಾವತಿಯ ಚಿತ್ರವೇ.

೪. ಭಂಡಾರದಿಂದ ಪೇಟೆಗೆ

ರೂಪಕಗಳು ಗ್ರಂಥಗಳಲ್ಲಿಯೇ ಉಳಿಯುವುದಿಲ್ಲ. ೧೩೪೩ರಲ್ಲಿ ಪೋಪ್ ಆರನೆಯ ಕ್ಲೆಮೆಂಟನು, ಕ್ರಿಸ್ತನ ಮತ್ತು ಸಂತರ ಪುಣ್ಯವು ಧರ್ಮಸಭೆಯ ಕೈಯಲ್ಲಿರುವ ಒಂದು ಭಂಡಾರವೆಂದು ಘೋಷಿಸಿದನು. ಪಾಪವು ಕ್ಷಮೆಯಾದ ಮೇಲೂ ಉಳಿಯುವ ದಂಡನೆಯನ್ನು ಆ ಭಂಡಾರದಿಂದ ಮನ್ನಾ ಮಾಡಬಹುದೆಂಬುದು ಸಿದ್ಧಾಂತ. ೧೪೭೬ರಲ್ಲಿ ನಾಲ್ಕನೆಯ ಸಿಕ್ಸ್ಟಸನು ಈ ಸೌಲಭ್ಯವನ್ನು ಶುದ್ಧೀಕರಣಸ್ಥಾನದಲ್ಲಿರುವ ಮೃತರಿಗೂ ವಿಸ್ತರಿಸಿದನು. ಸಿದ್ಧಾಂತದ ಪ್ರಕಾರ ಪಶ್ಚಾತ್ತಾಪವಿಲ್ಲದೆ ಈ ಮನ್ನಾ ಇಲ್ಲ. ಆಚರಣೆಯಲ್ಲಿ ಕಾಣಿಕೆಯ ಪೆಟ್ಟಿಗೆಯೇ ಮುಂದಾಯಿತು.

ಇದರ ಪರಾಕಾಷ್ಠೆ ಜರ್ಮನಿಯಲ್ಲಿ ಕಂಡುಬಂದಿತು. ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟನು ಮೈಂಜಿನ ಆರ್ಚ್‌ಬಿಷಪ್ ಪದವಿಗಾಗಿ ರೋಮಿಗೆ ತೆರಬೇಕಾಗಿದ್ದ ಹಣವನ್ನು ಅಗ್ಸ್‌ಬರ್ಗಿನ ಫುಗ್ಗರ್ ಸಾಹುಕಾರರಿಂದ ಸಾಲವಾಗಿ ಪಡೆದನು. ದಂಡವಿಮೋಚನಪತ್ರಗಳಿಂದ ಬಂದ ಉತ್ಪತ್ತಿಯಲ್ಲಿ ಅರ್ಧ ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ, ಅರ್ಧ ಈ ಸಾಲದ ತೀರುವಳಿಗೆ ಎಂದು ಏರ್ಪಾಡಾಯಿತು. ಪರಲೋಕದ ಋಣವನ್ನು ಮನ್ನಾ ಮಾಡಿ ಇಹಲೋಕದ ಋಣವನ್ನು ತೀರಿಸುವ ಈ ವ್ಯವಸ್ಥೆಯಲ್ಲಿ ರೂಪಕವೂ ವಸ್ತುವೂ ಒಂದೇ ಆಗಿಹೋದುವು. ೧೫೧೭ರ ಅಕ್ಟೋಬರ್ ೩೧ರಂದು ಮಾರ್ಟಿನ್ ಲೂಥರನು ತನ್ನ ೯೫ ಪ್ರಮೇಯಗಳನ್ನು ಅದೇ ಆಲ್ಬ್ರೆಕ್ಟನಿಗೆ ಕಳುಹಿಸಿದನು. ೧೫೨೦ರ ಹೊತ್ತಿಗೆ ಅವನ ಆಕ್ಷೇಪ ಬಲಿಪೂಜೆಯವರೆಗೂ ಮುಟ್ಟಿತು. ಅದು ದೇವರು ಮನುಷ್ಯನಿಗೆ ಕೊಟ್ಟ ವಾಗ್ದಾನ. ಮನುಷ್ಯನು ದೇವರಿಗೆ ಸಲ್ಲಿಸುವ ಬಲಿಯೆಂದರೆ ಶಿಲುಬೆಯೊಂದೇ ಸಾಲದೆಂದಂತಾಯಿತು ಎಂಬುದು ಅವನ ವಾದ.

೫. ತ್ರೆಂತಿನ ಉತ್ತರ

೧೫೪೫ರಿಂದ ೧೫೬೩ರವರೆಗೆ ಬಿಟ್ಟುಬಿಟ್ಟು ನಡೆದ ತ್ರೆಂತ್ ಮಹಾಸಭೆ ಕಥೋಲಿಕರ ಪ್ರತ್ಯುತ್ತರವನ್ನು ರೂಪಿಸಿತು. ೧೫೪೭ರ ಜನವರಿ ೧೩ರ ನಿರ್ಣಯದಂತೆ, ರಕ್ಷಣೆ ದೇವರ ಕೃಪೆಯಿಂದಲೇ ಆರಂಭವಾಗುತ್ತದೆ. ಆದರೆ ಮನುಷ್ಯನು ಅದಕ್ಕೆ ಒಪ್ಪಿ ಸಹಕರಿಸಬೇಕು. ೧೫೬೨ರ ಸೆಪ್ಟೆಂಬರ್ ೧೭ರ ನಿರ್ಣಯದಂತೆ, ಬಲಿಪೂಜೆ ಬೇರೊಂದು ಬಲಿಯಲ್ಲ. ಬಲಿಯಾದವನೂ ಅರ್ಪಿಸುವವನೂ ಒಬ್ಬನೇ ಕ್ರಿಸ್ತನು. ಅರ್ಪಿಸುವ ರೀತಿ ಮಾತ್ರ ಬೇರೆ, ಇಲ್ಲಿ ರಕ್ತಪಾತವಿಲ್ಲ. ೧೫೬೭ರಲ್ಲಿ ಐದನೆಯ ಪಿಯುಸನು ಹಣಕ್ಕೆ ಗಂಟುಹಾಕಿದ ದಂಡವಿಮೋಚನೆಗಳನ್ನೆಲ್ಲ ರದ್ದುಪಡಿಸಿದನು.

ಪೇಟೆಯೇನೋ ಮುಚ್ಚಿತು, ಪರಿಭಾಷೆ ಉಳಿಯಿತು. ೧೫೪೭ರ ನಿರ್ಣಯವು ರಕ್ಷಣೆಯ ಕಾರಣಗಳನ್ನು ಒಂದೊಂದಾಗಿ ಎಣಿಸುವಾಗ ಕ್ರಿಸ್ತನ ಯಾತನೆಯನ್ನು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಪುನರುತ್ಥಾನದ ಹೆಸರಿಲ್ಲ. ಮುಂದಿನ ಶತಮಾನಗಳ ಪಾಠಪುಸ್ತಕಗಳಲ್ಲಿ ಪುನರುತ್ಥಾನವು ಬಹುಮಟ್ಟಿಗೆ ಕ್ರಿಸ್ತನ ದೈವತ್ವಕ್ಕೆ ಒಂದು ಪ್ರಮಾಣವಾಗಿ ಮಾತ್ರ ನಿಂತಿತು. ಆರಾಧನೆಯಲ್ಲಿಯೂ ಹೀಗೆಯೇ ಆಯಿತು. ಕತ್ತಲೆಯಲ್ಲಿ ಹೊಸ ಬೆಂಕಿ ಹೊತ್ತಿಸಿ ಆಚರಿಸಬೇಕಾದ ಪಾಸ್ಖ ಜಾಗರಣೆಯ ವಿಧಿಯು ಪವಿತ್ರ ಶನಿವಾರದ ಬೆಳಗಿಗೆ ಸರಿದು, ಹಗಲ ಬೆಳಕಿನಲ್ಲಿ ಮೊಂಬತ್ತಿ ಹಚ್ಚುವ ವಿಚಿತ್ರ ಸ್ಥಿತಿ ಶತಮಾನಗಳ ಕಾಲ ನಡೆದುಬಂದಿತು.

೬. ಮರಳಿ ಕೂಡಿದ ಮೂರು ಎಳೆಗಳು

೧೯೫೦ರಲ್ಲಿ ಫ್ರಾನ್ಸಿನ ದೈವಶಾಸ್ತ್ರಜ್ಞ ದ್ಯುರ್ವೆಲ್ಲರು ಪುನರುತ್ಥಾನವೇ ರಕ್ಷಣೆಯ ರಹಸ್ಯವೆಂದು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷವೇ, ೧೯೫೧ರಲ್ಲಿ, ಹನ್ನೆರಡನೆಯ ಪಿಯುಸರು ಪಾಸ್ಖ ಜಾಗರಣೆಯನ್ನು ರಾತ್ರಿಯ ವೇಳೆಗೆ ಮರಳಿಸಲು ಅನುಮತಿಯಿತ್ತರು. ೧೯೫೫ರ ಆಜ್ಞೆ ಅದನ್ನು ಎಲ್ಲೆಡೆಗೂ ವಿಧಿಸಿತು. ೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತು ಹೊರಡಿಸಿದ ಶಾಸನದಲ್ಲಿ ಯಾತನೆ, ಪುನರುತ್ಥಾನ, ಸ್ವರ್ಗಾರೋಹಣಗಳನ್ನು ಒಂದೇ 'ಪಾಸ್ಖ ರಹಸ್ಯ'ವೆಂದು ಕರೆಯಲಾಯಿತು.

ರಕ್ಷಣೆ ಯಾರಿಗೆ ಎಂಬ ಪ್ರಶ್ನೆಯೂ ಇದರೊಡನೆ ಬಿಚ್ಚಿಕೊಂಡಿತು. ೧೪೪೨ರಲ್ಲಿ ಫ್ಲಾರೆನ್ಸಿನ ಮಹಾಸಭೆಯು ಧರ್ಮಸಭೆಯ ಹೊರಗಿರುವವರು, ಸಾಯುವ ಮುನ್ನ ಅದನ್ನು ಸೇರದಿದ್ದರೆ, ನರಕಕ್ಕೆ ಹೋಗುವರೆಂದಿತ್ತು. ೧೮೬೩ರಲ್ಲಿ ಒಂಬತ್ತನೆಯ ಪಿಯುಸರು, ತಮ್ಮ ತಪ್ಪಿಲ್ಲದೆ ಅರಿಯದವರಾಗಿ ಧರ್ಮದಿಂದ ಬಾಳುವವರಿಗೂ ನಿತ್ಯಜೀವವು ದೊರೆಯಬಹುದೆಂದರು. ೧೯೪೯ರಲ್ಲಿ ಅಮೆರಿಕೆಯ ಬಾಸ್ಟನ್ನಿನ ಲೆನರ್ಡ್ ಫೀನಿ ಎಂಬ ಪಾದ್ರಿಯ ಕಠೋರ ವ್ಯಾಖ್ಯಾನವನ್ನು ರೋಮು ತಿರಸ್ಕರಿಸಿತು. ಹೊರಗಿನವರಿಗೆ ರಕ್ಷಣೆಯಿಲ್ಲವೆಂದು ಹಟಹಿಡಿದ ಆತನೇ ೧೯೫೩ರಲ್ಲಿ ಬಹಿಷ್ಕೃತನಾದುದು ಇತಿಹಾಸದ ವ್ಯಂಗ್ಯ. ೧೯೬೪ರ ನವೆಂಬರ್ ೨೧ರ ಶಾಸನವು ಅಂತಃಸಾಕ್ಷಿಯಂತೆ ಬಾಳುವ ಅನ್ಯರಿಗೂ ರಕ್ಷಣೆ ಸಾಧ್ಯವೆಂದಿತು. ಅದಾದ ಹನ್ನೊಂದನೆಯ ದಿನ, ಡಿಸೆಂಬರ್ ೨ರಂದು, ಆರನೆಯ ಪೌಲರು ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ನಮ್ಮ ಮುಂಬಯಿಗೆ ಬಂದಿಳಿದರು. ಮರುದಿನ ಅನ್ಯಮತಗಳ ಪ್ರತಿನಿಧಿಗಳ ಮುಂದೆ ಅವರು ಉದ್ಧರಿಸಿದುದು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು. ಮೃತ್ಯುವಿನಿಂದ ಅಮೃತತ್ವವನ್ನು ಬೇಡುವ ಆ ಪ್ರಾರ್ಥನೆ ನಮ್ಮ ವಾಚಕರಿಗೆ ಸುಪರಿಚಿತ. ೧೯೬೫ರ ಡಿಸೆಂಬರ್ ೭ರ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇವರಿಗೆ ಮಾತ್ರ ತಿಳಿದ ರೀತಿಯಲ್ಲಿ ಪಾಸ್ಖ ರಹಸ್ಯದಲ್ಲಿ ಭಾಗಿಯಾಗುವ ಅವಕಾಶ ಎಲ್ಲ ಮಾನವರಿಗೂ ಇದೆಯೆಂದು ಸಾರಿತು.

ಲೆಕ್ಕದ ಭಾಷೆಗೂ ಕೊನೆಗೆ ತಿದ್ದುಪಡಿಯಾಯಿತು. ೧೯೬೭ರ ಜನವರಿ ೧ರಂದು ಆರನೆಯ ಪೌಲರು, ಧರ್ಮಸಭೆಯ ಭಂಡಾರವನ್ನು ಶತಮಾನಗಳಿಂದ ಕೂಡಿಟ್ಟ ಧನರಾಶಿಯೆಂದು ಭಾವಿಸಕೂಡದು, ಆ ಭಂಡಾರವೆಂದರೆ ಕ್ರಿಸ್ತನೇ ಎಂದು ವಿವರಿಸಿದರು. ೧೯೬೮ರಲ್ಲಿ, ಮುಂದೆ ಪೋಪರಾದ ಯೋಸೆಫ್ ರಾಟ್ಸಿಂಗರರು, ಮಗನ ಬಲಿಯನ್ನು ಬೇಡುವ ಕಠೋರ ದೇವರ ಚಿತ್ರವು ಸುವಾರ್ತೆಯದಲ್ಲವೆಂದು ಬರೆದರು. ೧೯೯೯ರ ಅಕ್ಟೋಬರ್ ೩೧ರಂದು ಕಥೋಲಿಕರೂ ಲೂಥರನ ಅನುಯಾಯಿಗಳೂ ರಕ್ಷಣೆ ಕೃಪೆಯಿಂದಲೇ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. ಸಹಿ ಬಿದ್ದುದು ಅಗ್ಸ್‌ಬರ್ಗಿನಲ್ಲಿ, ಫುಗ್ಗರರ ಊರಿನಲ್ಲಿ.

ಋಣದ ರೂಪಕವು ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ತಾನು ತೀರಿಸಲಾರದ ಹೊರೆಯನ್ನು ಮತ್ತೊಬ್ಬನು ಹೊತ್ತನೆಂಬ ಕೃತಜ್ಞತೆಯನ್ನು ಹೇಳಲು ಸಾಲದ ಮಾತಿಗಿಂತ ಹತ್ತಿರದ ಮಾತು ಬಡವನಿಗೆ ಬೇರೊಂದಿರಲಿಲ್ಲ. ಆದರೆ ಸಾಲ ತೀರಿದ ಮೇಲೆ ಕೊಟ್ಟವನಿಗೂ ಪಡೆದವನಿಗೂ ಸಂಬಂಧವೇನೂ ಉಳಿಯುವುದಿಲ್ಲ. ಋಣ ಹರಿಯಿತೆಂದು ನಾವು ಹೇಳುವುದೇ ಹಾಗೆ. ಕಥೋಲಿಕ ನಂಬಿಕೆಯಲ್ಲಿ ಶಿಲುಬೆಯ ಅನಂತರ ಸಂಬಂಧವು ಹರಿಯುವುದಿಲ್ಲ, ತೊಡಗುತ್ತದೆ. ಪುನರುತ್ಥಾನದ ಅರ್ಥ ಅದೇ. ಅದನ್ನು ಬಿಟ್ಟು ಬಲಿಯನ್ನು ಮಾತ್ರ ಹಿಡಿದ ಕಾಲದಲ್ಲಿ ರಕ್ಷಣೆ ಪೇಟೆಯ ಸರಕಾಯಿತು. ಎರಡನ್ನೂ ಒಟ್ಟಿಗೆ ನೆನೆದಾಗ ಅದರ ಬಾಗಿಲು ಹೊರಗಿನವರಿಗೂ ತೆರೆಯಿತು.