ರಾಯಚೂರು ಸೀಮೆಯ ಬೆಳೆಗಳು ಮತ್ತು ಸಾರಜನಕ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್‌ನಲ್ಲಿ ಬೆಳೆಗೆ ಸಾರಜನಕ ಯಾವ ರೂಪದಲ್ಲಿ, ಎಷ್ಟು ದಕ್ಕುತ್ತದೆ ಎಂಬುದನ್ನು ನೀರೇ ನಿರ್ಧರಿಸುತ್ತ ಬಂದಿದೆ. ಮಳೆಯನ್ನೇ ನಂಬಿದ ಎರೆ ಹೊಲದ ಜೋಳ, ಹತ್ತಿ, ಕಡಲೆಯ ಬೇರಿಗೆ ಅದು ಹೆಚ್ಚಾಗಿ ನೈಟ್ರೇಟ್ ಆಗಿ ಸಿಗುತ್ತದೆ. ಕಾಲುವೆ ನೀರು ನಿಂತ ಭತ್ತದ ಗದ್ದೆಯಲ್ಲಿ ಅಮೋನಿಯಂ ಆಗಿ ಸಿಗುತ್ತದೆ. ಮಾನ್ವಿ, ಮಲ್ಲಟ, ದೇವದುರ್ಗದ ಸುತ್ತಿನ ಭೂಮಿ ಈ ಎರಡೂ ಬಗೆಯ ಬೇಸಾಯವನ್ನು ಕಂಡಿದೆ.

ಗಾಳಿಯ ಶೇ. 78 ಭಾಗ ಸಾರಜನಕವೇ ಆದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಮಣ್ಣಿನ ನೀರಿನಲ್ಲಿ ಕರಗಿದ ಲವಣವನ್ನು ಬೇರಿನ ಜೀವಕೋಶಗಳು ಶಕ್ತಿ ವ್ಯಯಿಸಿ ಒಳಗೆಳೆಯುತ್ತವೆ. ಒಳಗೆ ಬಂದ ನೈಟ್ರೇಟನ್ನು ಕಿಣ್ವಗಳು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಮೋನಿಯಂ ಆಗಿ ಇಳಿಸುತ್ತವೆ. ಬಹುಪಾಲು ಬೆಳೆಗಳಲ್ಲಿ ಈ ಕೆಲಸ ಹೆಚ್ಚಾಗಿ ನಡೆಯುವುದು ಎಲೆಯಲ್ಲಿ, ಬಿಸಿಲಿನ ಬಲದಿಂದ. ಅಮೋನಿಯಂ ಗ್ಲುಟಮಿನ್ ಆಗಿ, ಅಲ್ಲಿಂದ ಉಳಿದ ಅಮೈನೋ ಆಮ್ಲಗಳಾಗಿ ಮಾರ್ಪಡುತ್ತದೆ. ಈ ದಾರಿಯನ್ನು 1974ರಲ್ಲಿ ಪೀಟರ್ ಲೀ ಮತ್ತು ಬೆನ್ ಮಿಫ್ಲಿನ್ ಇಂಗ್ಲೆಂಡಿನಲ್ಲಿ ತೋರಿಸಿದರು. ಅದಕ್ಕೆ ಮುಂಚೆ ಪಠ್ಯಪುಸ್ತಕಗಳು ಬೇರೊಂದು ಕಿಣ್ವಕ್ಕೆ ಆ ಶ್ರೇಯಸ್ಸು ಕೊಡುತ್ತಿದ್ದವು. ಎಲೆಯ ಸಾರಜನಕದ ದೊಡ್ಡ ಪಾಲು ದ್ಯುತಿಸಂಶ್ಲೇಷಣೆಯ ಪ್ರೋಟೀನುಗಳಲ್ಲಿರುತ್ತದೆ. ತೆನೆ ಕಟ್ಟುವ ಹೊತ್ತಿಗೆ ಆ ಪ್ರೋಟೀನು ಒಡೆದು ಕಾಳಿಗೆ ಸಾಗುತ್ತದೆ. ಕೊರತೆಯಾದಾಗ ಮೊದಲು ಕೆಳಗಿನ ಎಲೆಗಳು ಹಳದಿಯಾಗುವುದೂ ಇದೇ ಕಾರಣಕ್ಕೆ: ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಒಂದು ಟನ್ ಭತ್ತ ಕೊಡಲು ಪೈರು ಸುಮಾರು 15ರಿಂದ 20 ಕಿಲೋ ಸಾರಜನಕ ಹೀರಬೇಕು.

ಈ ಸೀಮೆಯಲ್ಲಿ ಸಾರಜನಕದ ಲೆಕ್ಕ ಬಹಳ ಹಿಂದಕ್ಕೆ ಹೋಗುತ್ತದೆ. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ, ಕೃಷ್ಣೆಯ ಆಚೆ ಉಟ್ನೂರಿನ ಬೂದಿದಿಬ್ಬದಲ್ಲಿ 1950ರ ದಶಕದಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್, ನವಶಿಲಾಯುಗದ ದನಗಾಹಿಗಳ ಬದುಕನ್ನು ಬೆಳಕಿಗೆ ತಂದರು. ದೊಡ್ಡಿಗಳಲ್ಲಿ ಗುಡ್ಡೆಯಾದ ಸೆಗಣಿಯನ್ನು ಸುಟ್ಟಿದ್ದರಿಂದ ಈ ದಿಬ್ಬಗಳು ಉಂಟಾದವು. ಬೆಂಕಿಯಲ್ಲಿ ರಂಜಕ, ಪೊಟ್ಯಾಷ್ ಬೂದಿಯಾಗಿ ಉಳಿಯುತ್ತವೆ, ಸಾರಜನಕ ಮಾತ್ರ ಗಾಳಿಗೆ ಹಾರುತ್ತದೆ. 1893ರ ವರದಿಯಲ್ಲಿ ಜೆ. ಎ. ವೋಲ್ಕರ್ ಭಾರತದ ಒಕ್ಕಲುತನದ ಬಗ್ಗೆ ಎತ್ತಿದ ಮುಖ್ಯ ಆಕ್ಷೇಪವೂ ಇದೇ ಆಗಿತ್ತು, ಗೊಬ್ಬರವಾಗಬೇಕಾದ ಸೆಗಣಿ ಒಲೆಗೆ ಹೋಗುತ್ತಿದೆ ಎಂದು. ಸೌದೆ ಸಿಗದ ಬಯಲುನಾಡಿನಲ್ಲಿ ಕುಳ್ಳು ತಟ್ಟುವುದು ಅವಿವೇಕವೇನೂ ಆಗಿರಲಿಲ್ಲ. ಸೌದೆ ಸಿಕ್ಕುವ ಕಡೆ ರೈತ ಸೆಗಣಿಯನ್ನು ಹೊಲಕ್ಕೇ ಹಾಕುತ್ತಾನೆ ಎಂಬುದನ್ನು ವೋಲ್ಕರ್ ಕೂಡ ಗುರುತಿಸಿದ್ದರು.

ಒಣ ಬೇಸಾಯದಲ್ಲಿ ಈ ಕೊರತೆಯನ್ನು ದ್ವಿದಳ ಬೆಳೆಗಳು ಅಷ್ಟಿಷ್ಟು ತುಂಬಿದವು. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕಿರುಧಾನ್ಯದ ಜೊತೆಗೇ ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ಜೋಳದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುವ, ಹಿಂಗಾರಿಗೆ ಕಡಲೆ ಬಿತ್ತುವ ಪದ್ಧತಿಗಳು ಅದೇ ಜೋಡಿಯ ಮುಂದುವರಿಕೆ. ತಿಪ್ಪೆಗೊಬ್ಬರ, ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ತರುಬಿಸುವುದು ಉಳಿದದ್ದನ್ನು ಒದಗಿಸುತ್ತಿದ್ದವು. ದ್ವಿದಳ ಬೆಳೆಯ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1886ರಲ್ಲಿ ಸಾಬೀತುಪಡಿಸಿದರು. ಪ್ರತಿಯಾಗಿ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಡುತ್ತದೆ. ಮಣ್ಣಿನಲ್ಲಿ ನೈಟ್ರೇಟ್ ಹೇರಳವಾಗಿದ್ದರೆ ಗಂಟು ಕಟ್ಟುವುದೇ ಕಡಿಮೆ, ಆದ್ದರಿಂದ ತೊಗರಿಗೆ ಯೂರಿಯಾ ಸುರಿಯುವುದು ದಂಡ. ತೊಗರಿಯ ಲಾಭ ಮುಂದಿನ ಬೆಳೆಗೆ ಮುಟ್ಟುವುದು ಮುಖ್ಯವಾಗಿ ಉದುರಿದ ಎಲೆ ಮತ್ತು ಬೇರಿನ ಮೂಲಕ.

ಕಾರ್ಖಾನೆಯ ಸಾರಜನಕಕ್ಕೆ ಬುನಾದಿ ಹಾಕಿದವರು ಫ್ರಿಟ್ಜ್ ಹೇಬರ್ (1909) ಮತ್ತು ಕಾರ್ಲ್ ಬಾಷ್. ಮೊದಲ ಕಾರ್ಖಾನೆ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಆರಂಭವಾಯಿತು. ಭಾರತದ ಮೊದಲ ಕೃತಕ ಅಮೋನಿಯಾ ಘಟಕ ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ ತಲೆ ಎತ್ತಿತು. 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿನ ಒಣಹೊಲಗಳಿಗೆ ಅದರ ಸೋಂಕು ತಾಗಿದ್ದು ಕಡಿಮೆ. ಹಸಿ ಇಲ್ಲದ ನೆಲದಲ್ಲಿ ರಾಸಾಯನಿಕ ಗೊಬ್ಬರ ಕೆಲಸ ಮಾಡುವುದಿಲ್ಲ.

ಆ ಹಸಿಯನ್ನು ತಂದದ್ದು ತುಂಗಭದ್ರಾ ಅಣೆಕಟ್ಟು. 1953ರಲ್ಲಿ ಅದರಿಂದ ನೀರು ಹರಿಯತೊಡಗಿತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಸಾಗುತ್ತದೆ. ಯೋಜನೆಯಲ್ಲಿ ಹೆಚ್ಚಿನ ಭೂಮಿ ಗುರುತಾಗಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತ ನಾಟಿ ಮಾಡಿ ಗೆದ್ದರು, ಸ್ಥಳೀಯರೂ ಅದೇ ಹಾದಿ ಹಿಡಿದರು. 1966ರ ಐಆರ್-8ರಿಂದ ಹಿಡಿದು ಬಂದ ಗಿಡ್ಡ ತಳಿಗಳು ಹೆಚ್ಚು ಸಾರಜನಕ ಕೊಟ್ಟರೂ ಬೀಳದೆ ನಿಲ್ಲುವಂತೆ ರೂಪುಗೊಂಡಿದ್ದವು. ಯೂರಿಯಾ ಬಳಕೆ ಅವುಗಳೊಂದಿಗೇ ಏರಿತು. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಆಮೇಲೆ ಬಂತು.

ನಿಂತ ನೀರು ಮಣ್ಣಿನ ರಸಾಯನವನ್ನೇ ಬದಲಿಸಿತು. ಗದ್ದೆಗೆ ಎರಚಿದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಸುಣ್ಣದಂಶ ಹೆಚ್ಚಿರುವ, ಕ್ಷಾರಗುಣದ ಎರೆ ಭೂಮಿಯಲ್ಲಿ, ಅದೂ ಬಿಸಿಲು ಗಾಳಿ ಜೋರಾಗಿದ್ದರೆ, ಅದರ ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಸವಳು ಭೂಮಿಯಲ್ಲಿ ನಷ್ಟ ಇನ್ನೂ ಜಾಸ್ತಿ. ಗದ್ದೆ ಒಣಗಿ ಮತ್ತೆ ನೀರು ತುಂಬಿದರೆ, ಒಣಗಿದ್ದಾಗ ಉಂಟಾದ ನೈಟ್ರೇಟನ್ನು ಬ್ಯಾಕ್ಟೀರಿಯಾ ಅನಿಲವಾಗಿಸುತ್ತದೆ. ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರು ಸೀಮೆಯಲ್ಲಿ ನೀರು ಸರದಿಯಂತೆ ಬಂದು ಹೋಗುವುದರಿಂದ ಈ ನಷ್ಟಕ್ಕೆ ಆಸ್ಪದ ಹೆಚ್ಚು. ನಿಂತ ನೀರಿನ ಭತ್ತ ಹಾಕಿದ ಸಾರಜನಕದಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯನ್ನಷ್ಟೇ ಹೀರುತ್ತದೆ. ನಷ್ಟ ತುಂಬಲೆಂದು ಇನ್ನಷ್ಟು ಹಾಕಿದರೆ ಕಡುಹಸಿರು ಪೈರಿಗೆ ಬೆಂಕಿ ರೋಗವೂ ಕಂದು ಜಿಗಿಹುಳುವೂ ಮುತ್ತುತ್ತವೆ.

ಪರಿಹಾರಗಳು ಹೆಚ್ಚಿನವು ಸಮಯ ಮತ್ತು ಜಾಗಕ್ಕೆ ಸಂಬಂಧಿಸಿದವು. ಗೊಬ್ಬರವನ್ನು ನಾಟಿ, ತೆಂಡೆ ಒಡೆಯುವ ಮತ್ತು ತೆನೆ ಮೂಡುವ ಹಂತಗಳಿಗೆ ಹಂಚುವುದು, ನೀರು ಬಸಿದು ಎರಚಿ ಆಮೇಲೆ ನೀರು ಕಟ್ಟುವುದು, ಎಲೆಯ ಬಣ್ಣ ನೋಡಿ ಕೊಡುವುದು ಅವುಗಳಲ್ಲಿ ಸೇರಿವೆ. ಬೇವಿನ ಲೇಪನ ಅಮೋನಿಯಂ ನೈಟ್ರೇಟ್ ಆಗುವುದನ್ನು ನಿಧಾನಿಸುತ್ತದೆ. ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಇದನ್ನು 2015ರಲ್ಲಿ ಕಡ್ಡಾಯ ಮಾಡಲಾಯಿತು. 2018ರಲ್ಲಿ ಚೀಲದ ತೂಕ 50ರಿಂದ 45 ಕಿಲೋಗೆ ಇಳಿಯಿತು, ಅಂದರೆ ಚೀಲಕ್ಕೆ ಸುಮಾರು 20.7 ಕಿಲೋ ಸಾರಜನಕ. ಚೀಲಗಳನ್ನೇ ಎಣಿಸುವ ರೂಢಿಯಿರುವ ಕಡೆ ಈ ಐದು ಕಿಲೋ ಕಡಿತಕ್ಕೆ ಅರ್ಥವಿದೆ.

2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ಕಾಲುವೆಯ ಕೊನೆ ಭಾಗಕ್ಕೆ ಕೂರಿಗೆ ಭತ್ತವನ್ನು ಪ್ರಚಾರ ಮಾಡಿದೆ. ಒಣ ಮಣ್ಣಿಗೆ ನೇರ ಬಿತ್ತಿದ ಈ ಭತ್ತ ಮೊದಲ ವಾರಗಳಲ್ಲಿ ಜೋಳದ ಹಾಗೆ ನೈಟ್ರೇಟನ್ನೇ ಹೆಚ್ಚು ಹೀರುತ್ತದೆ. ಕಾಲುವೆ ನೀರು ಬಂದು ನಿಂತ ಮೇಲೆ ಅಮೋನಿಯಂಗೆ ತಿರುಗುತ್ತದೆ. ಸಸಿ ಚಿಕ್ಕದಿರುವಾಗಲೇ ಹೆಚ್ಚು ಸಾರಜನಕ ಕೊಟ್ಟರೆ ಅದು ಕಳೆಯ ಪಾಲಾಗುತ್ತದೆ, ಮಿಕ್ಕಿದ್ದು ನೀರು ನಿಂತೊಡನೆ ಅನಿಲವಾಗುತ್ತದೆ. ಹೀಗಾಗಿ ಕೂರಿಗೆ ಭತ್ತಕ್ಕೆ ಬಿತ್ತುವಾಗ ಸಾರಜನಕವನ್ನು ಅಳತೆಯಾಗಿ ಕೊಟ್ಟು, ಬಹುಪಾಲನ್ನು ಬೇರು ಹರಡಿದ ಮೇಲೆ ಕಂತುಗಳಲ್ಲಿ ಹಾಕಲಾಗುತ್ತದೆ.